ಏಷ್ಯಾ ಅಕ್ವಾಟಿಕ್ಸ್‌ನಿಂದ ನಮ್ಮ ಮಕ್ಕಳಿಗೆ ಏನು ಪ್ರಯೋಜನ?

ಪ್ರಶ್ನೆ: ಮಗಳಿಗೆ 12 ವರ್ಷ. ರಾಜ್ಯ ಮಟ್ಟದ ಮೀಟ್‌ಗಳಲ್ಲಿ ಬ್ಯಾಕ್‌ಸ್ಟ್ರೋಕ್ ಈಜುತ್ತಾಳೆ. ಪೂಲ್ ಹತ್ತಿರ ಕೂತ ಪೋಷಕರು ಎಸ್‌ಎಫ್‌ಐ, ಏಷ್ಯಾ ಅಕ್ವಾಟಿಕ್ಸ್, ವರ್ಲ್ಡ್ ಅಕ್ವಾಟಿಕ್ಸ್ ಅಂತ ಮಾತಾಡ್ತಿರುತ್ತಾರೆ. ಯಾವುದು ಯಾವುದರ ಕೆಳಗೆ ಬರುತ್ತದೆ? ದೇಶಕ್ಕೊಂದು, ಜಗತ್ತಿಗೊಂದು ಇದ್ದ ಮೇಲೆ ಏಷ್ಯಾಕ್ಕೆ ಬೇರೆ ಯಾಕೆ ಬೇಕು?
ತಾಯಿಯೊಬ್ಬರು, ಮೈಸೂರು

ಕೆಳಗಿನಿಂದ ಶುರು ಮಾಡೋಣ. ನಿಮ್ಮ ಮಗಳು ಈಜುವ ಕ್ಲಬ್ ಕರ್ನಾಟಕ ಈಜು ಸಂಸ್ಥೆಯಲ್ಲಿ ನೋಂದಣಿ ಆಗಿರುತ್ತದೆ. ರಾಜ್ಯ ಸಂಸ್ಥೆ ಭಾರತೀಯ ಈಜು ಫೆಡರೇಷನ್‌ನ ಸದಸ್ಯ. ಅದನ್ನೇ ಪೋಷಕರು ಎಸ್‌ಎಫ್‌ಐ ಅನ್ನುತ್ತಾರೆ. ಅದರ ಮೇಲೆ ಖಂಡದ ಮಟ್ಟದಲ್ಲಿ ಏಷ್ಯಾ ಅಕ್ವಾಟಿಕ್ಸ್, ಎಲ್ಲಕ್ಕೂ ಮೇಲೆ ವರ್ಲ್ಡ್ ಅಕ್ವಾಟಿಕ್ಸ್. ಈ ಕೊನೆಯದನ್ನು 1908ರಲ್ಲಿ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಎಂಟು ದೇಶಗಳು ಸೇರಿ ಕಟ್ಟಿದವು. ಎಂಟೂ ಯುರೋಪಿನವೇ. ಬಹಳ ಕಾಲ ಫಿನಾ ಅಂತಲೇ ಎಲ್ಲರೂ ಕರೆಯುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಹೆಸರು ಬದಲಾಯಿತು. ಆಮೇಲೆ ಖಂಡಗಳ ಸಂಸ್ಥೆಗಳೂ ಅದೇ ಮಾದರಿಯ ಹೆಸರು ಇಟ್ಟುಕೊಂಡವು.

ಏಷ್ಯಾ ಅಕ್ವಾಟಿಕ್ಸ್ ನೋಡಿಕೊಳ್ಳುವುದು ಈಜನ್ನು ಮಾತ್ರ ಅಲ್ಲ. ಡೈವಿಂಗ್, ನೀರಿನಲ್ಲಿ ಆಡುವ ಚೆಂಡಾಟ ವಾಟರ್ ಪೋಲೊ, ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಕುಣಿಯುವ ಆರ್ಟಿಸ್ಟಿಕ್ ಈಜು, ಸಮುದ್ರ ಮತ್ತು ಕೆರೆಗಳಲ್ಲಿ ನಡೆಯುವ ಓಪನ್ ವಾಟರ್ ಈಜು ಎಲ್ಲವೂ ಅದರ ಕೆಳಗೇ ಬರುತ್ತವೆ.

ಇನ್ನು ಅದು ಯಾಕೆ ಬೇಕು ಅನ್ನುವ ಪ್ರಶ್ನೆ. ನಿಮ್ಮ ಮಗಳು ಮುಂದೆ ರಾಷ್ಟ್ರೀಯ ಜೂನಿಯರ್ ಮೀಟ್‌ನಲ್ಲಿ ಗೆದ್ದಳು ಅಂತಿಟ್ಟುಕೊಳ್ಳಿ. ಅಲ್ಲಿಂದ ನೇರ ವಿಶ್ವ ಚಾಂಪಿಯನ್‌ಷಿಪ್‌ಗೆ ಕಳಿಸಿದರೆ ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಕೊನೆಯ ಸಾಲಿಗೆ ಬೀಳುತ್ತಾಳೆ. ಒಂದೇ ರೇಸ್ ಈಜಿ ಮನೆಗೆ ವಾಪಸ್. ಅದರಿಂದ ಕಲಿಯುವುದು ತೀರಾ ಕಡಿಮೆ. ಅವಳಿಗೆ ಬೇಕಿರುವುದು ತನಗಿಂತ ಸ್ವಲ್ಪ ಮುಂದಿರುವವರ ಜೊತೆ, ಫೈನಲ್ ತಲುಪುವ ಆಸೆ ಇಟ್ಟುಕೊಂಡು ಈಜುವ ಮೀಟ್. ಖಂಡದ ಸಂಸ್ಥೆ ಮಾಡಬೇಕಾದ ಮುಖ್ಯ ಕೆಲಸ ಇದೇ. ಏಷ್ಯನ್ ಏಜ್ ಗ್ರೂಪ್ ಚಾಂಪಿಯನ್‌ಷಿಪ್ ಅಂತ ಒಂದಿದೆ. ಅಲ್ಲಿ 12ರಿಂದ 14, 15ರಿಂದ 17 ವರ್ಷದ ಮಕ್ಕಳಿಗೆ ಬೇರೆ ಬೇರೆ ವಿಭಾಗ ಇರುತ್ತದೆ. 2019ರಲ್ಲಿ ಅದು ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಇಲ್ಲಿನ ಮಕ್ಕಳು ಜಪಾನ್, ಥಾಯ್ಲೆಂಡ್, ಉಜ್ಬೇಕಿಸ್ತಾನದ ತಂಡಗಳು ವಾರ್ಮ್‌ಅಪ್ ಹೇಗೆ ಮಾಡುತ್ತವೆ, ರೇಸ್ ಮುಗಿದ ಮೇಲೆ ಎಷ್ಟು ಹೊತ್ತು ನಿಧಾನವಾಗಿ ಈಜುತ್ತವೆ ಅನ್ನುವುದನ್ನು ಕಣ್ಣಾರೆ ನೋಡಲು ಇಂಥ ಮೀಟ್‌ಗಳೇ ದಾರಿ. ಹೇಳಿಕೊಟ್ಟರೆ ಬಾರದ್ದು ನೋಡಿದರೆ ಬರುತ್ತದೆ.

ಪ್ರಶ್ನೆ: 2025ರಲ್ಲಿ ಅಹಮದಾಬಾದ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆದು ನಮ್ಮ ಶ್ರೀಹರಿ ನಟರಾಜ್ ಪದಕ ಗೆದ್ದರಲ್ವಾ? ಆದರೆ ಏಷ್ಯನ್ ಗೇಮ್ಸ್‌ಗೆ ಆಗುವಷ್ಟು ಸುದ್ದಿ ಆಗಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ?
ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಏಷ್ಯನ್ ಗೇಮ್ಸ್ ನಡೆಸುವುದು ಏಷ್ಯಾ ಒಲಿಂಪಿಕ್ ಮಂಡಳಿ. ಅಲ್ಲಿ ಹತ್ತಾರು ಆಟಗಳಿರುತ್ತವೆ, ಈಜು ಅವುಗಳಲ್ಲಿ ಒಂದು. ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ, ದೇಶಗಳು ತಮ್ಮ ಅತ್ಯುತ್ತಮ ಈಜುಗಾರರನ್ನೇ ಕಳಿಸುತ್ತವೆ. ನಮಗೂ ಅಲ್ಲಿ ಹಳೇ ನೆನಪುಗಳಿವೆ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದವರು ಸಚಿನ್ ನಾಗ್. ವಾಟರ್ ಪೋಲೊ ಚಿನ್ನವೂ ಆಗ ನಮ್ಮದೇ. ಆಮೇಲೆ 1986ರಲ್ಲಿ ಸೋಲ್‌ನಲ್ಲಿ ಖಜಾನ್ ಸಿಂಗ್ ಬೆಳ್ಳಿ, 2010ರಲ್ಲಿ ಗುವಾಂಗ್‌ಝೌದಲ್ಲಿ ವೀರ್‌ಧವಳ್ ಖಾಡೆ ಕಂಚು, 2014ರಲ್ಲಿ ಇಂಚಿಯಾನ್‌ನಲ್ಲಿ ಸಂದೀಪ್ ಸೇಜ್ವಾಲ್ ಕಂಚು.

ನೀವು ಕೇಳಿದ ಚಾಂಪಿಯನ್‌ಷಿಪ್ ಏಷ್ಯಾ ಅಕ್ವಾಟಿಕ್ಸ್‌ನದೇ ಸ್ವಂತ ಕೂಟ. ಶ್ರೀಹರಿ ಅಲ್ಲಿ 200 ಮೀಟರ್ ಫ್ರೀಸ್ಟೈಲ್‌ನಲ್ಲಿ 1 ನಿಮಿಷ 48.47 ಸೆಕೆಂಡಿನಲ್ಲಿ ಮುಗಿಸಿ ಬೆಳ್ಳಿ ಗೆದ್ದರು. ಬ್ಯಾಕ್‌ಸ್ಟ್ರೋಕ್‌ನಲ್ಲೇ ಹೆಸರು ಮಾಡಿದ ಹುಡುಗ ಫ್ರೀಸ್ಟೈಲ್‌ನಲ್ಲಿ ಹೀಗೆ ಈಜಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಚೀನಾದ ಪಾನ್ ಝಾನ್ಲೆಯಂಥ ದೊಡ್ಡ ಹೆಸರುಗಳು ಅಲ್ಲಿ ಇರಲಿಲ್ಲ ನಿಜ. ಹಾಗಂತ ಆ ಪದಕದ ಬೆಲೆ ಕಡಿಮೆ ಆಗುವುದಿಲ್ಲ. ಬಂದವರನ್ನು ಸೋಲಿಸುವುದಷ್ಟೇ ಈಜುಗಾರನ ಕೈಯಲ್ಲಿರುವುದು.

ಸುದ್ದಿ ಆಗದ್ದಕ್ಕೆ ಕಾರಣ ಬೇರೆ ಇದೆ, ಅದು ನನಗೆ ಬೇಸರ ತರಿಸುವ ವಿಷಯ. ಈ ಕೂಟಕ್ಕೆ ನಿಯಮಿತವಾದ ಲಯವೇ ಇಲ್ಲ. ಮೊದಲನೆಯದು 1980ರಲ್ಲಿ ಢಾಕಾದಲ್ಲಿ ನಡೆಯಿತು. ಆಮೇಲೆ 2000ದ ಬೂಸಾನ್ ಕೂಟದವರೆಗೆ ನಾಲ್ಕು ವರ್ಷಕ್ಕೊಮ್ಮೆ ಸರಿಯಾಗಿಯೇ ಬಂತು. ಅಲ್ಲಿಂದ ಲೆಕ್ಕ ತಪ್ಪಿತು. 2006 ಸಿಂಗಪುರ, 2009 ಫೋಶಾನ್, 2012 ದುಬೈ, 2016 ಟೋಕಿಯೊ. ಮುಂದಿನದು ಫಿಲಿಪ್ಪೀನ್ಸ್‌ನಲ್ಲಿ ಆಗಬೇಕಿತ್ತು, ಕೋವಿಡ್ ಬಂದು ರದ್ದಾಯಿತು. ಹಾಗಾಗಿ ಟೋಕಿಯೊದಿಂದ ಅಹಮದಾಬಾದ್‌ಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಒಬ್ಬ ಈಜುಗಾರನ ಒಳ್ಳೆಯ ಕಾಲ ಎಂದರೆ ಎಂಟು ಹತ್ತು ವರ್ಷ. 2016ರಲ್ಲಿ ಹದಿನಾರು ವಯಸ್ಸಿನವರಾಗಿದ್ದ ಮಕ್ಕಳು 2025ಕ್ಕೆ ಇಪ್ಪತ್ತೈದು ದಾಟುವ ಹಂತಕ್ಕೆ ಬಂದಿದ್ದರು. ಎಷ್ಟೋ ಜನ ಅಷ್ಟರಲ್ಲಿ ಈಜು ಬಿಟ್ಟು ಕೆಲಸಕ್ಕೆ ಸೇರಿದ್ದರು. ಅವರಿಗೆ ತಮ್ಮ ಖಂಡದ ಚಾಂಪಿಯನ್‌ಷಿಪ್‌ನಲ್ಲಿ ಈಜುವ ಅವಕಾಶವೇ ಸಿಗಲಿಲ್ಲ.

ಯುರೋಪ್ ಕಡೆ ನೋಡಿ. ಅವರ ಚಾಂಪಿಯನ್‌ಷಿಪ್ 1926ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾಯಿತು. ಈಗ ಎರಡು ವರ್ಷಕ್ಕೊಮ್ಮೆ ಖಾತ್ರಿ: 2022 ರೋಮ್, 2024 ಬೆಲ್‌ಗ್ರೇಡ್, 2026 ಪ್ಯಾರಿಸ್. ಕೋವಿಡ್ ವರ್ಷದ ಕೂಟವನ್ನೂ ಬಿಡದೆ 2021ರ ಮೇ ತಿಂಗಳಲ್ಲಿ ನಡೆಸಿದರು. ಜೊತೆಗೆ 25 ಮೀಟರ್ ಪೂಲ್‌ನ ಚಾಂಪಿಯನ್‌ಷಿಪ್ ಬೇರೆ, ಜೂನಿಯರ್‌ಗಳಿಗೆ ಬೇರೆ, ವಾಟರ್ ಪೋಲೊ ಕ್ಲಬ್‌ಗಳಿಗೆ ಚಾಂಪಿಯನ್ಸ್ ಲೀಗ್. ಅಲ್ಲಿನ ಕೋಚ್ ಒಬ್ಬರು ನಾಲ್ಕು ವರ್ಷದ ತರಬೇತಿಗೆ ಈಗಲೇ ಯೋಜನೆ ಹಾಕಬಹುದು. ಏಷ್ಯಾ ಎಂದರೆ ಲೆಬನಾನ್‌ನಿಂದ ಜಪಾನ್‌ವರೆಗೆ ಹರಡಿದ ಖಂಡ, ಪ್ರಯಾಣದ ಖರ್ಚೇ ದೊಡ್ಡದು, ಒಪ್ಪುತ್ತೇನೆ. ಆದರೂ ಎರಡು ವರ್ಷಕ್ಕೊಮ್ಮೆ ತಪ್ಪದೆ ಕೂಟ ನಡೆಸುವುದಕ್ಕಿಂತ ದೊಡ್ಡ ಕೆಲಸ ಏಷ್ಯಾ ಅಕ್ವಾಟಿಕ್ಸ್ ಮುಂದೆ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮೂರಿನ ಪೂಲ್ 50 ಮೀಟರ್ ಇದೆ. ಆದರೂ ‘ಇಲ್ಲಿ ದೊಡ್ಡ ಮೀಟ್ ಮಾಡೋಕಾಗಲ್ಲ, ಅಳತೆ ಸರಿಯಿಲ್ಲ’ ಎನ್ನುತ್ತಾರೆ. ಒಂದೆರಡು ಸೆಂಟಿಮೀಟರ್‌ಗೆ ಇಷ್ಟು ರಗಳೆ ಯಾಕೆ?
ನಿವೃತ್ತ ದೈಹಿಕ ಶಿಕ್ಷಕರು, ಮಂಗಳೂರು

ಸರ್, ಒಂದೆರಡು ಸೆಂಟಿಮೀಟರ್ ದೊಡ್ಡ ಮಾತೇ. ನಿಯಮದ ಪ್ರಕಾರ 50 ಮೀಟರ್ ಪೂಲ್ ಒಂದು ಮಿಲಿಮೀಟರ್ ಕೂಡ ಗಿಡ್ಡ ಇರುವ ಹಾಗಿಲ್ಲ. ಉದ್ದ ಜಾಸ್ತಿ ಇದ್ದರೂ 10 ಮಿಲಿಮೀಟರ್ ಒಳಗೇ ಇರಬೇಕು. ಪ್ರತಿ ಲೇನನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅದೂ ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಮೇಲಿನಿಂದ 80 ಸೆಂಟಿಮೀಟರ್ ಕೆಳಗಿನವರೆಗೆ. ಈಜುಗಾರ ಮುಟ್ಟಿದ ಕೂಡಲೇ ಸಮಯ ದಾಖಲಿಸುವ ಟಚ್ ಪ್ಯಾಡನ್ನು ಗೋಡೆಗೆ ನೇತುಹಾಕಿದರೆ ಪ್ಯಾಡ್‌ನಿಂದ ಪ್ಯಾಡ್‌ಗೆ ಪೂರ್ತಿ ದೂರ ಸಿಗಬೇಕು. ಒಂದು ಪ್ಯಾಡ್ ಸುಮಾರು 1 ಸೆಂಟಿಮೀಟರ್ ದಪ್ಪ. ಎಷ್ಟೋ ಕಡೆ ಕಟ್ಟುವಾಗ ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಗೋಡೆಯಿಂದ ಗೋಡೆಗೆ ಸರಿಯಾಗಿ 50 ಇರುತ್ತದೆ, ಪ್ಯಾಡ್ ಹಾಕಿದ ಕೂಡಲೇ ಪೂಲ್ ಗಿಡ್ಡ ಆಗುತ್ತದೆ. ಅಂಥ ಪೂಲ್‌ನಲ್ಲಿ ಮಗು ದಾಖಲೆ ಮುರಿದರೂ ಅದು ದಾಖಲೆ ಅಲ್ಲ. ಇದಕ್ಕಿಂತ ಅನ್ಯಾಯ ಇನ್ನೇನಿದೆ ಹೇಳಿ?

ಇದರ ಹಿಂದೆ ಒಂದು ಕಥೆಯಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್. ನಾಲ್ಕೂ ಶೈಲಿಯಲ್ಲಿ ಈಜುವ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್‌ಕೀ ಒಟ್ಟಿಗೇ ಗೋಡೆ ಮುಟ್ಟಿದರು. ಯಂತ್ರ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ತೋರಿಸುತ್ತಿತ್ತು. ಲಾರ್ಸನ್ 4:31.981, ಮೆಕ್‌ಕೀ 4:31.983. ಆ ಎರಡು ಅಂಕಿಗಾಗಿ ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಬೆಳ್ಳಿ. ದೂರದ ಲೆಕ್ಕದಲ್ಲಿ ಅದು ಸುಮಾರು 3 ಮಿಲಿಮೀಟರ್. ಆದರೆ ಎರಡು ಲೇನ್‌ಗಳ ನಡುವೆ ಗಾರೆ ಕೆಲಸದಲ್ಲೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು! ಗೆದ್ದದ್ದು ಈಜುಗಾರನೋ ಗೋಡೆಯೋ ಹೇಳುವುದು ಹೇಗೆ? ಅದಾದ ಮೇಲೆ ನಿಯಮ ಬದಲಾಯಿಸಿದರು. ಈಗ ನೂರರ ಒಂದು ಭಾಗಕ್ಕೆ ನಿಲ್ಲಿಸುತ್ತಾರೆ. ಸಮ ಬಂದರೆ ಪದಕ ಹಂಚಿಕೆ. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈ ನೆನಪಿದೆಯಾ? ಸಿಂಗಪುರದ ಜೋಸೆಫ್ ಸ್ಕೂಲಿಂಗ್ 50.39 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಅವರ ಹಿಂದೆ ಮೈಕೆಲ್ ಫೆಲ್ಪ್ಸ್, ಚಾಡ್ ಲ ಕ್ಲೋ, ಲಾಸ್ಲೊ ಚೆ ಮೂವರೂ 51.14. ಮೂವರಿಗೂ ಬೆಳ್ಳಿ ಸಿಕ್ಕಿತು.

ಮೀಟ್‌ಗೆ ಮಾನ್ಯತೆ ಇರುವುದೂ ಇಷ್ಟೇ ಮುಖ್ಯ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77ರಲ್ಲಿ ಈಜಿದರು. ಟೋಕಿಯೊ ಒಲಿಂಪಿಕ್ಸ್‌ಗೆ ಬೇಕಿದ್ದದ್ದು 53.85. ಆದರೆ ಅವರು ಈಜಿದ್ದು ಟೈಮ್ ಟ್ರಯಲ್‌ನಲ್ಲಿ, ಅಂದರೆ ಪದಕಕ್ಕಲ್ಲ, ಸಮಯ ದಾಖಲಿಸಲಷ್ಟೇ ಈಜುವ ರೇಸ್‌ನಲ್ಲಿ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಆಗಿನ ಫಿನಾದ ಒಪ್ಪಿಗೆಗೆ ಕಾಯಬೇಕಾಯಿತು. ಒಪ್ಪಿಗೆ ಬಂತು, ಟೋಕಿಯೊಗೆ ಹೋದರು.

ನಿಮ್ಮೂರಲ್ಲಿ ಹೊಸ ಪೂಲ್ ಕಟ್ಟುವ ಮಾತು ಬಂದರೆ, ಅಡಿಪಾಯ ಹಾಕುವ ಮೊದಲೇ ಪ್ಯಾಡ್‌ನ ಲೆಕ್ಕ ಕೇಳಿ. ಕಟ್ಟಿದ ಮೇಲೆ ಸರ್ವೆಯವರಿಂದ ಅಳೆಸಿ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ. ನೀರಿನ ಉಷ್ಣಾಂಶ 25ರಿಂದ 28 ಡಿಗ್ರಿ ಒಳಗೆ ಇರಬೇಕು ಅನ್ನುವುದೂ ನಿಯಮದಲ್ಲಿದೆ. ಮಂಗಳೂರಿನ ಬೇಸಿಗೆಯಲ್ಲಿ ಅದೂ ಸುಲಭ ಅಲ್ಲ.

ಪ್ರಶ್ನೆ: ಜಿಲ್ಲಾ ಮೀಟ್‌ನಲ್ಲಿ ಮಗಳು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎಲ್ಲರಿಗಿಂತ ಮೊದಲು ಬಂದಳು. ಆದರೆ ಟರ್ನ್ ತಪ್ಪು ಅಂತ ಡಿಸ್‌ಕ್ವಾಲಿಫೈ ಮಾಡಿದರು. ನನ್ನ ಮೊಬೈಲ್ ವಿಡಿಯೊದಲ್ಲಿ ಸರಿಯಾಗಿಯೇ ಕಾಣುತ್ತದೆ. ದೂರು ಕೊಡಬಹುದಾ?
ತಂದೆಯೊಬ್ಬರು, ಶಿವಮೊಗ್ಗ

ನಿಮ್ಮ ನೋವು ಅರ್ಥವಾಗುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಗೋಡೆ ಮುಟ್ಟಿ ತಿರುಗುವ ಪ್ರತಿ ಟರ್ನ್‌ಗೂ, ಕೊನೆಗೂ ಎರಡೂ ಕೈ ಒಟ್ಟಿಗೇ ಗೋಡೆಗೆ ತಾಗಬೇಕು. ಒಂದರ ಮೇಲೊಂದು ಇಡುವ ಹಾಗಿಲ್ಲ, ಬೇರೆ ಬೇರೆಯಾಗಿರಬೇಕು. ಗ್ಯಾಲರಿಯಿಂದ ತೆಗೆದ ವಿಡಿಯೊದಲ್ಲಿ ಇದು ಸರಿಯಾಗಿ ಕಾಣುವುದು ಕಷ್ಟ. ಟರ್ನ್ ನೋಡುವವರು ಲೇನ್‌ನ ತಲೆಯ ಮೇಲೇ ಬಗ್ಗಿ ನಿಂತಿರುತ್ತಾರೆ. ತಪ್ಪು ಕಂಡರೆ ತಕ್ಷಣ ಕೈ ಎತ್ತಿ, ಚೀಟಿಯಲ್ಲಿ ಬರೆದು ಕೊಡಬೇಕು. ತೀರ್ಮಾನ ರೆಫರಿಯದು. ಸಂಶಯ ಇದ್ದರೆ ಈಜುಗಾರರ ಪರ ಅನ್ನುವುದು ಅಧಿಕಾರಿಗಳಿಗೆ ಮೊದಲ ದಿನವೇ ಹೇಳಿಕೊಡುವ ಪಾಠ.

ರೇಸ್ ಮುಗಿದ 30 ನಿಮಿಷದೊಳಗೆ ತಂಡದ ಮ್ಯಾನೇಜರ್ ಬರಹದಲ್ಲಿ, ಠೇವಣಿ ಕಟ್ಟಿ ದೂರು ಕೊಡಬಹುದು. ಪೋಷಕರು ನೇರವಾಗಿ ಕೊಡುವಂತಿಲ್ಲ. ಅಧಿಕಾರಿ ಕಣ್ಣಿಂದ ಕಂಡು ಕೊಟ್ಟ ತೀರ್ಪನ್ನು ಪ್ರಶ್ನಿಸಲು ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ. ಮೀಟ್ ನಡೆಸುವವರು ನಿಯಮ ಪಾಲಿಸಲಿಲ್ಲ ಅಂತಿದ್ದರೆ ಅದನ್ನು ಪ್ರಶ್ನಿಸಬಹುದು.

ಒಳ್ಳೆಯ ಅಧಿಕಾರಿಗಳು ಸುಮ್ನೆ ಸಿಗುವುದಿಲ್ಲ. ದೇಶದ ಫೆಡರೇಷನ್, ಖಂಡದ ಸಂಸ್ಥೆ, ವರ್ಲ್ಡ್ ಅಕ್ವಾಟಿಕ್ಸ್ ಸೇರಿ ನಡೆಸುವ ತರಬೇತಿಗಳಿಂದ ಅವರು ತಯಾರಾಗುತ್ತಾರೆ. ಏಷ್ಯನ್ ಮಟ್ಟದಲ್ಲಿ ನಿಂತು ಬಂದ ಅಧಿಕಾರಿ ನಿಮ್ಮ ಜಿಲ್ಲಾ ಮೀಟ್‌ನಲ್ಲಿ ಒಬ್ಬರಿದ್ದರೂ ಉಳಿದವರು ಅವರನ್ನು ನೋಡಿ ಕಲಿಯುತ್ತಾರೆ. ನಿಮ್ಮಂಥ ಪೋಷಕರೂ ಈ ತರಬೇತಿಗೆ ಬರಬಹುದು, ಬನ್ನಿ. ನಮಗೆ ಜನ ಬೇಕಾಗಿದ್ದಾರೆ.

ಪ್ರಶ್ನೆ: ಮಗನಿಗೆ ಹುಟ್ಟಿನಿಂದ ಒಂದು ಕೈ ಬೆಳೆದಿಲ್ಲ. ಈಜು ಬಹಳ ಇಷ್ಟ. ಇದೇ ಫೆಡರೇಷನ್ ಕೆಳಗೆ ಸ್ಪರ್ಧಿಸಬಹುದಾ?
ತಾಯಿಯೊಬ್ಬರು, ತುಮಕೂರು

ಪ್ಯಾರಾ ಈಜು ಏಷ್ಯಾ ಅಕ್ವಾಟಿಕ್ಸ್ ಕೆಳಗೆ ಬರುವುದಿಲ್ಲ. ಅದನ್ನು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ವರ್ಲ್ಡ್ ಪ್ಯಾರಾ ಸ್ವಿಮ್ಮಿಂಗ್ ವಿಭಾಗ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಭಾರತೀಯ ಪ್ಯಾರಾಲಿಂಪಿಕ್ ಸಮಿತಿ, ಅದರ ಕೆಳಗೆ ರಾಜ್ಯ ಸಂಸ್ಥೆ. ಮೊದಲು ನಿಮ್ಮ ಮಗನಿಗೆ ವರ್ಗ ನಿರ್ಧಾರ ಆಗಬೇಕು. ದೈಹಿಕ ಅಂಗವೈಕಲ್ಯಕ್ಕೆ ಎಸ್1ರಿಂದ ಎಸ್10, ದೃಷ್ಟಿ ದೋಷಕ್ಕೆ ಎಸ್11ರಿಂದ 13, ಬೌದ್ಧಿಕ ಅಂಗವೈಕಲ್ಯಕ್ಕೆ ಎಸ್14. ಬ್ರೆಸ್ಟ್‌ಸ್ಟ್ರೋಕ್ ಮತ್ತು ಮೆಡ್ಲೆಗೆ ಬೇರೆ ಲೆಕ್ಕ. ವೈದ್ಯರ ದಾಖಲೆಗಳನ್ನೆಲ್ಲ ಒಂದು ಫೈಲ್‌ನಲ್ಲಿ ಜೋಡಿಸಿಡಿ, ಪ್ರತಿ ಹಂತದಲ್ಲೂ ಕೇಳುತ್ತಾರೆ.

ಬೆಂಗಳೂರಿನ ಶರತ್ ಗಾಯಕ್ವಾಡ್ ಹೆಸರು ಮಗನಿಗೆ ಹೇಳಿ. ಅವರಿಗೂ ಹುಟ್ಟಿನಿಂದ ಎಡಗೈ ಬೆಳೆದಿರಲಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಒಬ್ಬರೇ ಆರು ಪದಕ ತಂದರು. ಹತ್ತಿರದ ಪೂಲ್‌ನಲ್ಲಿ ಉಳಿದ ಮಕ್ಕಳ ಜೊತೆಗೇ ತರಬೇತಿ ಶುರು ಮಾಡಿಸಿ. ವರ್ಗ ನಿರ್ಧಾರಕ್ಕಾಗಿ ಕಾಯುತ್ತಾ ಕೂರಬೇಡಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಸಾವಿರಾರು ರೂಪಾಯಿಯ ರೇಸಿಂಗ್ ಸೂಟ್ ಬೇಕೇ ಬೇಕು ಅಂತ ಜೊತೆಯ ಪೋಷಕರು ಹೇಳುತ್ತಾರೆ. ತೆಗೆಸಿಕೊಡಬೇಕಾ?
ತಂದೆಯೊಬ್ಬರು, ಬೆಂಗಳೂರು

ಬೇಡ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಸೂಟ್ ಹಾಕಿಕೊಂಡು 43 ವಿಶ್ವ ದಾಖಲೆ ಮುರಿದರು. 2010ರಿಂದ ಅಂಥವನ್ನು ನಿಷೇಧಿಸಿ, ಬಟ್ಟೆಯ ಸೂಟ್ ಮಾತ್ರ ಅಂತ ಮಾಡಿದರು. ಗಂಡಸರಿಗೆ ಹೊಕ್ಕುಳಿನ ಕೆಳಗಿನಿಂದ ಮೊಣಕಾಲಿನವರೆಗೆ, ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ. ಅಂತರರಾಷ್ಟ್ರೀಯ ಮೀಟ್‌ಗೆ ಹೋಗುವವರು ಒಪ್ಪಿಗೆಯ ಗುರುತಿರುವ ಸೂಟ್ ಹಾಕಬೇಕು. ಆ ಬಿಗಿಯಾದ ಸೂಟ್‌ಗಳು ಕೆಲವೇ ರೇಸ್‌ಗಳಿಗೆ ಸಡಿಲವಾಗುತ್ತವೆ, ಬೆಳೆಯುವ ಹುಡುಗನಿಗೆ ಅಷ್ಟರೊಳಗೇ ಚಿಕ್ಕದಾಗುತ್ತವೆ. ಒಂದು ಗಟ್ಟಿ ಮಾಮೂಲಿ ಜಾಮರ್ (ಮೊಣಕಾಲಿನವರೆಗಿನ ಈಜು ಚಡ್ಡಿ), ನೀರು ಸೋರದ ಗಾಗಲ್ಸ್ ಕೊಡಿಸಿ. ಉಳಿದ ದುಡ್ಡನ್ನು ಹೊರ ಜಿಲ್ಲೆಯ ಮೀಟ್‌ಗೆ ಕರೆದುಕೊಂಡು ಹೋಗಲು ಇಟ್ಟುಕೊಳ್ಳಿ.