ಸಿ ಪ್ಲಸ್ ಪ್ಲಸ್ ಬರದಿದ್ದರೂ ಫ್ಲೈಟ್‌ಗಿಯರ್‌ಗೆ ಸೌಂಡ್ ಮಾಡಿಕೊಡಬಹುದಾ?

ಖಂಡಿತ ಮಾಡಬಹುದು. ನೀವು ಕೇಳಿರುವುದು ಎರಡು ವಿಷಯ. ಸದ್ದು ಕತ್ತರಿಸಿ ತಿದ್ದುವ ಆಡಾಸಿಟಿ ಗೊತ್ತು, ಪೈಥಾನ್ ಅಲ್ಪಸ್ವಲ್ಪ ಬರುತ್ತೆ, ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್ ಭಾಷೆ ಬರಲ್ಲ, ಇಷ್ಟರಲ್ಲಿ ಫ್ಲೈಟ್‌ಗಿಯರ್ ಅನ್ನುವ ವಿಮಾನ ಸಿಮ್ಯುಲೇಟರಿನ ವಿಮಾನಗಳಿಗೆ ಸೌಂಡ್ ಎಫೆಕ್ಟ್ ಮಾಡಲು ಆಗುತ್ತಾ ಅನ್ನುವುದು ಒಂದು. ಅದಕ್ಕೆ ಇಡೀ ಸಿಮ್ಯುಲೇಟರನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲೇಬೇಕಾ, ಅಂದರೆ ಮೂಲ ಕೋಡ್‌ನಿಂದ ನಾವೇ ಪ್ರೋಗ್ರಾಮ್ ತಯಾರಿಸಲೇಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಶುರುವಿನಲ್ಲಿ ಬೇಡ. ನಾನು ಕೆಲವು ವರ್ಷದಿಂದ ಬಿಡುವಿದ್ದಾಗಲೆಲ್ಲ ಇದೇ ಕೆಲಸ ಮಾಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಲಿನಲ್ಲಿ ಒಂದು ಅಂಕಿ ಬದಲಾಯಿಸಿದ ಮೇಲೆ ಅದರ ಸದ್ದು ನಿಮ್ಮ ಕಿವಿಗೆ ಬೀಳಲು ಎಷ್ಟು ಹೊತ್ತು ಹಿಡಿಯುತ್ತೆ ನೋಡಿಕೊಳ್ಳಿ. ಐದು ನಿಮಿಷ ಹಿಡಿದರೆ ನೀವು ದಿನಕ್ಕೆ ಹತ್ತು ಸಲ ಪ್ರಯತ್ನಿಸಿ ಸುಸ್ತಾಗುತ್ತೀರಿ, ಹತ್ತು ಸೆಕೆಂಡ್ ಆದರೆ ಇನ್ನೂರು ಸಲ ಕೇಳುತ್ತೀರಿ, ಮತ್ತು ಸೌಂಡ್ ಚೆನ್ನಾಗಿ ಆಗುವುದು ಆ ಇನ್ನೂರು ಸಲ ಕೇಳಿದ್ದರಿಂದಲೇ. ಬಿಲ್ಡ್ ಟೂಲ್ ಬಗ್ಗೆ ನಾನು ಇಷ್ಟೊಂದು ತಲೆ ಕೆಡಿಸಿಕೊಂಡಿರುವುದು ಅದಕ್ಕೇ.

ಫ್ಲೈಟ್‌ಗಿಯರ್ ಒಳಗೆ ಇರುವುದೆಲ್ಲ ಒಂದು ದೊಡ್ಡ ಮರದಲ್ಲಿ ತೂಗುಹಾಕಿದ ಅಂಕಿಗಳು ಅಂದುಕೊಳ್ಳಿ. ಇದಕ್ಕೆ ಪ್ರಾಪರ್ಟಿ ಟ್ರೀ ಅನ್ನುತ್ತಾರೆ. ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಂದು ಕೊಂಬೆಯಲ್ಲಿ, ವಿಮಾನದ ವೇಗ ಇನ್ನೊಂದರಲ್ಲಿ. ರೆಕ್ಕೆಯ ಹಿಂಬದಿಯ ಫ್ಲಾಪ್ ಎಷ್ಟು ಇಳಿದಿದೆ, ಚಕ್ರ ನೆಲಕ್ಕೆ ತಾಗಿದೆಯಾ, ನೀವು ಕಾಕ್‌ಪಿಟ್ ಒಳಗಿಂದ ನೋಡುತ್ತಿದ್ದೀರಾ ಹೊರಗಿಂದಲಾ, ಎಲ್ಲವೂ ಅಲ್ಲೇ ಸಿಗುತ್ತೆ. ಸೌಂಡ್ ಫೈಲ್ ಅಂದರೆ ಒಂದು ಎಕ್ಸ್‌ಎಂಎಲ್ ಫೈಲ್, ಟ್ಯಾಗ್ ಹಾಕಿ ಬರೆದ ಸಾದಾ ಟೆಕ್ಸ್ಟ್. ಅದರಲ್ಲಿ ನೀವು ಬರೆಯುವುದು ಇಷ್ಟೇ: ಈ ವೇವ್ ಫೈಲನ್ನು ನುಡಿಸು, ಇಂಥ ಷರತ್ತು ನಿಜ ಇದ್ದಾಗ ಮಾತ್ರ ನುಡಿಸು, ಇದರ ವಾಲ್ಯೂಮ್ ಇಂಥ ಪ್ರಾಪರ್ಟಿಯ ಹಿಂದೆ ಹೋಗಲಿ, ಪಿಚ್ ಇಂಥದರ ಹಿಂದೆ. ಪ್ರಾಪರ್ಟಿಯನ್ನು ಒಂದು ಫ್ಯಾಕ್ಟರ್‌ನಿಂದ ಗುಣಿಸಿ, ಆಫ್‌ಸೆಟ್ ಕೂಡಿಸಿ, ಮೇಲೆ ಕೆಳಗೆ ಮಿತಿ ಹಾಕುತ್ತೆ. ನುಡಿಸುವ ರೀತಿ ಮೂರು. ಒಂದೇ ಸಲ, ಸುತ್ತಿ ಸುತ್ತಿ, ಅಥವಾ ಆ ಪ್ರಾಪರ್ಟಿ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ. ಈ ಮೂರನೆಯದಕ್ಕೆ ಇನ್-ಟ್ರಾನ್ಸಿಟ್ ಅಂತ ಹೆಸರು, ಫ್ಲಾಪ್ ಮೋಟರಿಗೆ ಹೇಳಿ ಮಾಡಿಸಿದ ಹಾಗಿದೆ. ಫ್ಲೈಟ್‌ಗಿಯರಿನ ಡೇಟಾ ಇರುವ ಎಫ್‌ಜಿಡೇಟಾದ ಡಾಕ್ಸ್ ಫೋಲ್ಡರಿನಲ್ಲಿ ಎಕ್ಸ್‌ಎಂಎಲ್‌ಸೌಂಡ್ ಅನ್ನುವ ರೀಡ್‌ಮಿ ಇದೆ, ಅರ್ಧ ಗಂಟೆಯಲ್ಲಿ ಓದಿ ಮುಗಿಯುತ್ತೆ. ಇಷ್ಟರಲ್ಲಿ ಎಲ್ಲೂ ಸಿ ಪ್ಲಸ್ ಪ್ಲಸ್ ಬರಲಿಲ್ಲ ಅಲ್ವಾ?

ಈಗ ಎಂಜಿನ್. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೆಸ್ನಾ 172 ತೆಗೆದುಕೊಳ್ಳಿ. ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್ ಎಂಜಿನ್, ಎರಡು ರೆಕ್ಕೆಯ ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕಿಗೇ ಕೂತಿರುತ್ತೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು. ಒಂದು ಸುತ್ತಿಗೆ ಎರಡು ಸಿಲಿಂಡರ್ ಸಿಡಿಯುತ್ತವೆ, ಹಾಗಾಗಿ 80 ಹರ್ಟ್ಸ್. ಪ್ರೊಪೆಲ್ಲರಿನ ಎರಡು ರೆಕ್ಕೆ ಸೆಕೆಂಡಿಗೆ 40 ಸಲ ಸುತ್ತಿದರೆ ಅದೂ 80 ಹರ್ಟ್ಸ್. ಎರಡೂ ಒಂದರ ಮೇಲೊಂದು ಕೂರುವುದರಿಂದ ಆ ತುಂಬು ದನಿ ಬರುವುದು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಕಡೆ ಮನೆ ಇರುವವರಿಗೆ ಬೆಳಿಗ್ಗೆ ತಲೆ ಮೇಲೆ ಹೋಗುವ ತರಬೇತಿ ವಿಮಾನದ ಈ ದನಿ ಚೆನ್ನಾಗಿ ಗೊತ್ತಿರುತ್ತೆ. ಆದರೆ ಇದು ಎಲ್ಲ ವಿಮಾನಕ್ಕೂ ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಮಾಡಿದ ಹಂಸ-3 ವಿಮಾನದಲ್ಲಿ ಇರುವುದು ರೋಟ್ಯಾಕ್ಸ್ 914 ಎಂಜಿನ್. ಅದರಲ್ಲಿ ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಗೇರ್‌ಬಾಕ್ಸ್ ಇದೆ, ಅನುಪಾತ 2.43. ಎಂಜಿನ್ 5000ದಲ್ಲಿ ತಿರುಗುವಾಗ ಸಿಡಿತ ಸುಮಾರು 167 ಹರ್ಟ್ಸ್, ಪ್ರೊಪೆಲ್ಲರ್ ಎರಡು ರೆಕ್ಕೆಯದಾದರೆ ಸುಮಾರು 69 ಹರ್ಟ್ಸ್. ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಸೆಸ್ನಾದ ರೆಕಾರ್ಡಿಂಗ್ ತಂದು ಪಿಚ್ ಎತ್ತರಿಸಿ ರೋಟ್ಯಾಕ್ಸ್ ಅಂತ ಕೂರಿಸಿದರೆ, ವಿಮಾನ ಹತ್ತಿರದಿಂದ ಕೇಳಿದವರಿಗೆ ಮೊದಲ ಸೆಕೆಂಡಿನಲ್ಲೇ ಗೊತ್ತಾಗಿಬಿಡುತ್ತೆ. ಎಂಜಿನ್ ಒಂದು ಸ್ಯಾಂಪಲ್, ಪ್ರೊಪೆಲ್ಲರ್ ಇನ್ನೊಂದು ಸ್ಯಾಂಪಲ್ ಇಟ್ಟುಕೊಳ್ಳಲೇಬೇಕು.

ಒಂದೇ ಸ್ಯಾಂಪಲನ್ನು ಐಡಲ್‌ನಿಂದ ಫುಲ್ ಥ್ರಾಟಲ್‌ವರೆಗೆ ಎಳೆಯಲು ಹೋಗಬೇಡಿ. 600ರಿಂದ 2400 ಅಂದರೆ ನಾಲ್ಕು ಪಟ್ಟು, ಸಂಗೀತದ ಲೆಕ್ಕದಲ್ಲಿ ಎರಡು ಸ್ಥಾಯಿ. ಅಷ್ಟು ಎಳೆದರೆ ಎಂಜಿನ್ನಿನ ಸುತ್ತಲ ತಗಡಿನ ಸದ್ದು, ಎಕ್ಸಾಸ್ಟ್ ಪೈಪಿನ ಸದ್ದು ಎಲ್ಲವೂ ಜೊತೆಗೇ ಮೇಲೆ ಕೆಳಗೆ ಹೋಗುತ್ತವೆ, ನಿಜದಲ್ಲಿ ಅವು ಹಾಗೆ ಹೋಗುವುದಿಲ್ಲ. ನಾನು ಮೂರು ಸ್ಯಾಂಪಲ್ ಇಡುತ್ತೇನೆ: 700, 1500, 2400ರ ಹತ್ತಿರ ಒಂದೊಂದು. ಪಿಚ್ ಲೆಕ್ಕ ಸುಲಭ. 2400ರಲ್ಲಿ ಹಿಡಿದ ಸ್ಯಾಂಪಲಿಗೆ ಫ್ಯಾಕ್ಟರ್ ಅಂದರೆ 1 ಭಾಗಿಸು 2400, ಸುಮಾರು 0.000417. ಆಗ 2400ರಲ್ಲಿ ಪಿಚ್ ಸರಿಯಾಗಿ 1 ಆಗುತ್ತೆ. ಒಂದರಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಎರಡಕ್ಕೂ 0.5 ಕೊಟ್ಟರೆ ಸದ್ದು ಕುಗ್ಗಿದ ಹಾಗೆ ಕೇಳುತ್ತೆ, 0.7 ಕೊಡಿ. ಈ ಅಂಕಿಯನ್ನು ಫ್ಲೈಟ್‌ಗಿಯರಿನದೇ ಸ್ಕ್ರಿಪ್ಟ್ ಭಾಷೆಯಾದ ನಾಸಲ್‌ನಲ್ಲಿ ಲೆಕ್ಕ ಹಾಕಿ ಒಂದು ಪ್ರಾಪರ್ಟಿಗೆ ಬರೆದಿಟ್ಟು, ವಾಲ್ಯೂಮನ್ನು ಅದಕ್ಕೇ ಕಟ್ಟಿಬಿಡಿ.

ಲೂಪ್ ಕತ್ತರಿಸುವಾಗ ಕಣ್ಣಳತೆ ಸಾಲುವುದಿಲ್ಲ. ಫೋರ್ ಸ್ಟ್ರೋಕಿನ ಒಂದು ಪೂರ್ತಿ ಆವರ್ತ ಎರಡು ಸುತ್ತು, ಅಂದರೆ 2400ರಲ್ಲಿ 50 ಮಿಲಿಸೆಕೆಂಡ್, 44100 ಹರ್ಟ್ಸ್ ಫೈಲಿನಲ್ಲಿ 2205 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದರೆ ರೆಕಾರ್ಡಿಂಗಿನ ತುಣುಕಲ್ಲ, ಡಿಜಿಟಲ್ ಫೈಲಿನ ಒಂದೊಂದು ಬಿಂದು). ತಾಳದ ಆವರ್ತ ಪೂರ್ತಿ ಆದಮೇಲೆ ತಾನೇ ಸಮಕ್ಕೆ ಬರುವುದು, ಹಾಗೇ ಇದೂ. ಲೂಪಿನ ಉದ್ದ 2205ರ ಪೂರ್ಣ ಗುಣಕ ಆಗಿರಲಿ. 40 ಆವರ್ತ ಇಟ್ಟರೆ ಸರಿಯಾಗಿ ಎರಡು ಸೆಕೆಂಡ್. ಇದಕ್ಕಿಂತ ತುಂಬ ಚಿಕ್ಕದಾದರೆ ಒಂದೇ ಸದ್ದು ಮರಳಿ ಮರಳಿ ಬರುತ್ತಿರುವುದು ಕಿವಿಗೆ ಹಿಡಿದುಬಿಡುತ್ತೆ.

ಇನ್ನೊಂದು ಸದ್ದು ನನಗೆ ತುಂಬ ಇಷ್ಟ, ಅದು ಸ್ಟಾಲ್ ವಾರ್ನಿಂಗ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುವ ಮುಂಚಿನ ಎಚ್ಚರಿಕೆ. ಬಹಳಷ್ಟು ಸೆಸ್ನಾ 172ಗಳಲ್ಲಿ ಅದು ಕರೆಂಟಿನ ಬಜರ್ ಅಲ್ಲ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ವಿಮಾನ ಸ್ಟಾಲ್ ಹತ್ತಿರ ಬಂದಾಗ ಅಲ್ಲಿ ಗಾಳಿಯ ಒತ್ತಡ ಇಳಿದು, ಒಳಗಿನ ಗಾಳಿ ಹೊರಗೆ ಎಳೆಯಲ್ಪಟ್ಟು, ದಾರಿಯಲ್ಲಿರುವ ಒಂದು ರೀಡ್ ನುಡಿಯುತ್ತೆ. ಹಾರ್ಮೋನಿಯಮ್ಮಿನ ರೀಡ್ ಹೇಗೋ ಹಾಗೇ. ಸ್ಟಾಲಿಗೆ 5ರಿಂದ 10 ನಾಟ್ ಮೊದಲೇ ಸಣ್ಣಗೆ ಶುರುವಾಗಿ, ಎಳೆತ ಜಾಸ್ತಿ ಆದ ಹಾಗೆ ಗಟ್ಟಿಯಾಗುತ್ತೆ. ಇದನ್ನು ಆನ್ ಆಫ್ ಸ್ವಿಚ್ ತರ ಮಾಡಿದ ಫೈಲ್‌ಗಳು ಬೇಕಾದಷ್ಟಿವೆ. ನೀವು ವಾಲ್ಯೂಮನ್ನೂ ಪಿಚ್ಚನ್ನೂ ಆಂಗಲ್ ಆಫ್ ಅಟ್ಯಾಕ್‌ಗೆ (ಎದುರು ಗಾಳಿಗೆ ರೆಕ್ಕೆ ಇರುವ ಕೋನ) ಕಟ್ಟಿ, ಸದ್ದಿನ ಜಾಗವನ್ನು ಪೈಲಟ್‌ನ ಎಡಗಡೆ ಇಡಿ. ಅಷ್ಟಕ್ಕೇ ಇಳಿಯುವಾಗ ಕೈ ತಾನಾಗಿ ಯೋಕನ್ನು (ಪೈಲಟ್ ಹಿಡಿಯುವ ಸ್ಟೀರಿಂಗ್) ಸಡಿಲ ಬಿಡುತ್ತೆ. ಸೌಂಡ್ ಇರುವುದೇ ಅದಕ್ಕೆ, ಸುಮ್ನೆ ಅಲಂಕಾರಕ್ಕಲ್ಲ.

ಜಾಗ ಅಂದಾಗ ನೆನಪಾಯಿತು. ಶುರುವಿನಲ್ಲಿ ನಾನು ಮಾಡಿದ ಎಂಜಿನ್ ಸೌಂಡ್ ಕಾಕ್‌ಪಿಟ್ ಒಳಗೆ ಚೆನ್ನಾಗಿತ್ತು. ಹೊರಗಿನ ವ್ಯೂಗೆ ಹೋಗಿ ಕ್ಯಾಮೆರಾವನ್ನು ಒಂದು ಕಿಲೋಮೀಟರ್ ಹಿಂದಕ್ಕೆ ಎಳೆದರೂ ಸದ್ದು ಒಂದಿಷ್ಟೂ ಕಡಿಮೆ ಆಗುತ್ತಿರಲಿಲ್ಲ. ಎರಡು ಸಂಜೆ ಎಕ್ಸ್‌ಎಂಎಲ್ ಫೈಲನ್ನೇ ತಡಕಾಡಿದೆ, ರೆಫರೆನ್ಸ್ ದೂರ, ಗರಿಷ್ಠ ದೂರ ಎಲ್ಲ ಬದಲಾಯಿಸಿ ನೋಡಿದೆ. ತಪ್ಪು ಇದ್ದದ್ದು ವೇವ್ ಫೈಲಿನಲ್ಲಿ, ಅದು ಸ್ಟೀರಿಯೋ ಆಗಿತ್ತು. ಫ್ಲೈಟ್‌ಗಿಯರ್ ಸದ್ದು ಹೊರಡಿಸುವುದು ಓಪನ್‌ಎಎಲ್ ಅನ್ನುವ ಆಡಿಯೋ ಲೈಬ್ರರಿ ಮೂಲಕ, ಅದು ದೂರ ದಿಕ್ಕಿನ ಲೆಕ್ಕ ಹಾಕುವುದು ಒಂದೇ ಚಾನೆಲ್ ಇರುವ ಮೋನೋ ಸದ್ದಿಗೆ ಮಾತ್ರ. ಸ್ಟೀರಿಯೋ ಕೊಟ್ಟರೆ ಹಾಗೇ ನುಡಿಸಿಬಿಡುತ್ತೆ.

ಆ ಎರಡು ಸಂಜೆ ಆದಮೇಲೆ ನಾನು ನನ್ನದೇ ಒಂದು ಪುಟ್ಟ ಬಿಲ್ಡ್ ಮಾಡಿಕೊಂಡೆ. ನೀವು ಮೊದಲು ಕಲಿಯಬೇಕಾದ ಬಿಲ್ಡ್ ಇದೇ, ಫ್ಲೈಟ್‌ಗಿಯರಿನದಲ್ಲ. ಒಂದು ಫೋಲ್ಡರಿನಲ್ಲಿ ಮೂಲ ರೆಕಾರ್ಡಿಂಗ್‌ಗಳು, ಅವನ್ನು ಎಂದೂ ಮುಟ್ಟುವುದಿಲ್ಲ. ಒಂದು ಮೇಕ್‌ಫೈಲ್ (ಮೇಕ್ ಅನ್ನುವ ಟೂಲಿಗೆ ಮಾಡಬೇಕಾದ ಕೆಲಸ ಬರೆದಿಟ್ಟ ಫೈಲ್) ಸದ್ದಿನ ಫೈಲ್ ಪರಿವರ್ತಿಸುವ ಸಾಕ್ಸ್ ಅನ್ನುವ ಕಮಾಂಡನ್ನು ಕರೆದು ಪ್ರತಿಯೊಂದನ್ನೂ ಮೋನೋ, 16 ಬಿಟ್, 44100 ಹರ್ಟ್ಸ್ ಮಾಡಿ ವಿಮಾನದ ಸೌಂಡ್ಸ್ ಫೋಲ್ಡರಿಗೆ ಹಾಕುತ್ತೆ. ಯಾವ ಫೈಲ್ ಬದಲಾಗಿದೆಯೋ ಅದನ್ನು ಮಾತ್ರ ಮತ್ತೆ ಮಾಡುತ್ತೆ, ಹಾಗಾಗಿ ಒಂದೆರಡು ಸೆಕೆಂಡಿನ ಕೆಲಸ. ಜೊತೆಗೆ ಇಪ್ಪತ್ತು ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಎಕ್ಸ್‌ಎಂಎಲ್ ಓದಿ, ಅದರಲ್ಲಿ ಬರೆದಿರುವ ಪ್ರತಿ ಫೈಲೂ ನಿಜವಾಗಿ ಇದೆಯಾ ಅಂತ ನೋಡುತ್ತೆ, ಅಕ್ಷರದ ಗಾತ್ರವನ್ನೂ ಸೇರಿಸಿ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕೇಳಿದ ಸದ್ದು ಇನ್ನೊಬ್ಬರಲ್ಲಿ ಬರದೆ ಇರಲು ಇದೊಂದೇ ಸಾಕು.

ಕೇಳುವ ಹೊತ್ತನ್ನು ಕಡಿಮೆ ಮಾಡಲು ಇನ್ನೊಂದು ಉಪಾಯ. ಎಂಜಿನ್ ಸೌಂಡ್ ಪರೀಕ್ಷೆಗೆ ಪ್ರತಿ ಸಲವೂ ದೊಡ್ಡ ವಿಮಾನ ತೆರೆಯಬೇಡಿ. ಯುಎಫ್‌ಒ ಅಂತ ಒಂದು ಪರೀಕ್ಷಾ ವಿಮಾನ ಜೊತೆಗೇ ಬರುತ್ತೆ, ಭಾರದ ಕಾಕ್‌ಪಿಟ್ ಇಲ್ಲದ್ದರಿಂದ ಬೇಗ ತೆರೆದುಕೊಳ್ಳುತ್ತೆ. ಅದರ ಒಂದು ನಕಲು ಮಾಡಿ ನಿಮ್ಮ ಸೌಂಡ್ ಫೈಲನ್ನು ಅದಕ್ಕೆ ಕಟ್ಟಿ. ನಿಜವಾದ ಆರ್‌ಪಿಎಂ ಪ್ರಾಪರ್ಟಿಯನ್ನು ಕೈಯಿಂದ ಬದಲಾಯಿಸಲು ಆಗುವುದಿಲ್ಲ, ಎಂಜಿನ್ ಮಾಡೆಲ್ ಪ್ರತಿ ಫ್ರೇಮಿನಲ್ಲೂ ಅದನ್ನು ತಿದ್ದಿ ಬರೆಯುತ್ತೆ. ಹಾಗಾಗಿ ಪರೀಕ್ಷೆಗೆ ಅಂತ ನಿಮ್ಮದೇ ಒಂದು ಪ್ರಾಪರ್ಟಿ ಇಟ್ಟುಕೊಳ್ಳಿ. ಫ್ಲೈಟ್‌ಗಿಯರನ್ನು ಹೊರಗಿನ ಪ್ರೋಗ್ರಾಮ್ ಜೊತೆ ಮಾತಾಡುವ ಟೆಲ್ನೆಟ್ ಆಯ್ಕೆಯೊಂದಿಗೆ ಶುರು ಮಾಡಿದರೆ ಪೈಥಾನಿನಿಂದ ಆ ಪ್ರಾಪರ್ಟಿಯನ್ನು 600ರಿಂದ 2700ರವರೆಗೆ ನಿಧಾನವಾಗಿ ಏರಿಸಬಹುದು. ಕಣ್ಣು ಮುಚ್ಚಿ ಕೂತು ಕೇಳಿ. ಎಲ್ಲಿ ಒಂದು ಸ್ಯಾಂಪಲಿನಿಂದ ಇನ್ನೊಂದಕ್ಕೆ ಹಾರಿದ್ದು ಗೊತ್ತಾಗುತ್ತೋ ಆ ಆರ್‌ಪಿಎಂ ಬರೆದಿಟ್ಟುಕೊಳ್ಳಿ.

ಇನ್ನು ಪೂರ್ತಿ ಬಿಲ್ಡ್. ಇದು ಬೇಕಾಗುವುದು ಸದ್ದು ಫೈಲಿನಿಂದ ಬರದೆ ಕೋಡ್‌ನಿಂದ ಹುಟ್ಟುವ ಕಡೆ. ಉದಾಹರಣೆಗೆ ವಿಮಾನಕ್ಕೆ ದಿಕ್ಕು ತಿಳಿಸುವ ವಿಒಆರ್ ರೇಡಿಯೋ ಕೇಂದ್ರದ ಮೋರ್ಸ್ ಗುರುತು, ಅದು 1020 ಹರ್ಟ್ಸ್ ದನಿಯಾಗಿ ಕೋಡ್‌ನಲ್ಲೇ ತಯಾರಾಗುತ್ತೆ. ಇಳಿಯುವ ದಾರಿಯಲ್ಲಿ ರನ್‌ವೇ ಎಷ್ಟು ಹತ್ತಿರ ಅಂತ ತಿಳಿಸುವ ಮಾರ್ಕರ್ ಬೀಕನ್‌ಗಳದ್ದೂ ಅಷ್ಟೇ, ಹೊರಗಿನದು 400, ನಡುವಿನದು 1300, ಒಳಗಿನದು 3000 ಹರ್ಟ್ಸ್. ಸೌಂಡ್ ಇಂಜಿನ್‌ನ ಬಹುಪಾಲು ಇರುವುದು ಸಿಮ್‌ಗಿಯರ್ ಅನ್ನುವ ಬೇರೆ ಲೈಬ್ರರಿಯಲ್ಲಿ, ಫ್ಲೈಟ್‌ಗಿಯರ್‌ನಲ್ಲಿ ಅಲ್ಲ. ಹುಡುಕುವಾಗ ಇದು ನೆನಪಿರಲಿ.

ಉಬುಂಟು ಅಥವಾ ಡೆಬಿಯನ್ ಇದ್ದರೆ ಡೌನ್‌ಲೋಡ್ ಅಂಡ್ ಕಂಪೈಲ್ ಅನ್ನುವ ಸ್ಕ್ರಿಪ್ಟೇ ಎಲ್ಲ ಮಾಡಿಕೊಡುತ್ತೆ. ಮೊದಲ ಸಲ ಅದನ್ನೇ ಬಳಸಿ. ಕೈಯಿಂದ ಮಾಡುವುದಾದರೆ ಮೊದಲು ದೃಶ್ಯ ಮೂಡಿಸುವ ಓಪನ್‌ಸೀನ್‌ಗ್ರಾಫ್ ಲೈಬ್ರರಿ, ಆಮೇಲೆ ಸಿಮ್‌ಗಿಯರ್, ಆಮೇಲೆ ಫ್ಲೈಟ್‌ಗಿಯರ್, ಇದೇ ಕ್ರಮ. ಸಿಮ್‌ಗಿಯರ್, ಫ್ಲೈಟ್‌ಗಿಯರ್, ಎಫ್‌ಜಿಡೇಟಾ ಮೂರೂ ಒಂದೇ ಆವೃತ್ತಿಯವಾಗಿರಲಿ. ಒಂದನ್ನು ಗಿಟ್‌ನಿಂದ ಹೊಸದು ಮಾಡಿ ಇನ್ನೊಂದನ್ನು ಮರೆತರೆ ಅಲ್ಲೇ ನಿಲ್ಲುತ್ತೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎಂಟು ಕೆಲಸ ಒಟ್ಟಿಗೆ ಓಡಿಸಿದರೆ ಮೆಮೊರಿ ಸಾಲದೆ ಕಂಪೈಲರ್ ನಡುವೆಯೇ ಸತ್ತುಹೋಗಬಹುದು, ಎರಡೇ ಇಟ್ಟು ರಾತ್ರಿ ಬಿಟ್ಟು ಮಲಗಿ. ಕಂಪೈಲ್ ಆದದ್ದನ್ನು ನೆನಪಿಟ್ಟುಕೊಳ್ಳುವ ಸಿಕ್ಯಾಷ್ ಹಾಕಿಕೊಂಡರೆ ಎರಡನೇ ಸಲದಿಂದ ಬಹಳ ಬೇಗ ಆಗುತ್ತೆ. ಈ ಯೋಜನೆ 1997ರಿಂದ ನಡೆದು ಬಂದಿರುವುದರಿಂದ ಹಳೆಯ ಸೂಚನೆಗಳು ಇನ್ನೂ ಸಿಗುತ್ತವೆ. 2012ರ 2.6 ಆವೃತ್ತಿಯ ಹೊತ್ತಿಗೇ ಎಲ್ಲ ಸಿಮೇಕ್ ಅನ್ನುವ ಬಿಲ್ಡ್ ಟೂಲಿಗೆ ಬಂದಾಯಿತು. ಕಾನ್ಫಿಗರ್ ಓಡಿಸಿ ಅಂತ ಬರೆದಿದ್ದರೆ ಅದು ಹಳೆಯದು, ಬಿಟ್ಟುಬಿಡಿ.

ಲೈಸೆನ್ಸ್ ಬಗ್ಗೆ ದಯವಿಟ್ಟು ಎಚ್ಚರವಾಗಿರಿ. ಫ್ಲೈಟ್‌ಗಿಯರ್ ಜಿಪಿಎಲ್ ಅಡಿ ಇದೆ, ಅದು ವಾಣಿಜ್ಯ ಬಳಕೆಗೂ ಬಿಡುವ ಮುಕ್ತ ಲೈಸೆನ್ಸ್. ವಾಣಿಜ್ಯ ಬಳಕೆ ಬೇಡ ಅನ್ನುವ ಷರತ್ತಿನ ರೆಕಾರ್ಡಿಂಗ್ ಇದಕ್ಕೆ ಹೊಂದುವುದಿಲ್ಲ, ದುಡ್ಡು ಕೊಟ್ಟು ತಂದ ಸಿಮ್ಯುಲೇಟರ್‌ಗಳಿಂದ ಎತ್ತಿದ ಸದ್ದಂತೂ ಬೇಡವೇ ಬೇಡ. ಪ್ರತಿ ಫೈಲ್ ಎಲ್ಲಿಂದ ಬಂತು, ಯಾವ ಲೈಸೆನ್ಸ್, ಮೊದಲ ದಿನದಿಂದಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ವರ್ಷ ಕಳೆದ ಮೇಲೆ ಹುಡುಕಲು ಕೂತರೆ ಅರ್ಧದಷ್ಟು ಸಿಗುವುದಿಲ್ಲ, ಒಳ್ಳೆಯ ಸೌಂಡನ್ನು ಇದೊಂದೇ ಕಾರಣಕ್ಕೆ ಕಿತ್ತುಹಾಕಬೇಕಾಗಿ ಬಂದಾಗ ತುಂಬ ಬೇಜಾರಾಗುತ್ತೆ. ಸ್ವಂತ ರೆಕಾರ್ಡಿಂಗ್ ಎಲ್ಲಕ್ಕಿಂತ ಒಳ್ಳೆಯದು. ಏರೋಡ್ರೋಮ್ ಒಳಗೆ ಮಾಡುವುದಾದರೆ ಅನುಮತಿ ಕೇಳಿಯೇ ಮಾಡಿ.

ಮೊದಲ ವಾರಕ್ಕೆ ಎಂಜಿನ್ ಬೇಡ. ಫ್ಲಾಪ್ ಮೋಟರ್ ತೆಗೆದುಕೊಳ್ಳಿ. ಒಂದು ವೇವ್ ಫೈಲ್, ಒಂದು ಪ್ರಾಪರ್ಟಿ, ಇನ್-ಟ್ರಾನ್ಸಿಟ್, ಒಟ್ಟು ಹತ್ತು ಹನ್ನೆರಡು ಸಾಲು. ಮನೆಯಲ್ಲಿ ಡ್ರಿಲ್ ಇದ್ದರೆ ಅದನ್ನೇ ನಿಧಾನವಾಗಿ ಓಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿ, ಶುರುವಿಗೆ ಅಷ್ಟು ಸಾಕು. ಅದು 10 ಡಿಗ್ರಿಗೆ ಬಂದು ಸರಿಯಾಗಿ ನಿಂತಿತು ಅಂದರೆ ಇಲ್ಲೇ ಬರೆದು ತಿಳಿಸಿ, ಎಂಜಿನ್ ಲೂಪ್ ಕತ್ತರಿಸುವಾಗ ಏನಾದರೂ ಸಿಕ್ಕಿಕೊಂಡರೆ ಜೊತೆಗೆ ಕೂತು ನೋಡೋಣ.