ಮಗೂನ ಬೆಂಗಳೂರಿಗೆ ಕಳಿಸ್ಬೇಡಿ, ಗಂಡನ ಕೈಲಿ ರಜೆ ಹಾಕ್ಸಿ

ಸಿಂಗಪುರದಿಂದ ಬಂದಿರೋ ಈ ಪತ್ರ ಓದಿ ಸಿಟ್ಟು ನೆತ್ತಿಗೇರಿದೆ, ಉಳಿದ ಪತ್ರಗಳು ಮುಂದಿನ ವಾರಕ್ಕೆ. ವಿಷ್ಯ ಇಷ್ಟು. ಬಸವನಗುಡಿ ಹುಡುಗಿ, ಗಂಡ ಹೆಂಡ್ತಿ ಇಬ್ರೂ ಅಲ್ಲಿ ಕೆಲಸದಲ್ಲಿದಾರೆ, ನಾಲ್ಕು ವರ್ಷದ ಮಗ. ಪ್ರೀಸ್ಕೂಲಲ್ಲಿ ಕೈ ಕಾಲು ಬಾಯಿ ರೋಗ ಹಬ್ಬಿ ಹತ್ತು ದಿನ ಬಾಗಿಲು ಹಾಕಿದಾರೆ, ಮಗೂಗೂ ಅಂಗೈ ಅಂಗಾಲಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು. ಅತ್ತೆ "ಇಲ್ಲಿಗೆ ಕಳ್ಸಮ್ಮ, ನಾನ್ ನೋಡ್ಕೋತೀನಿ" ಅಂತಿದಾರೆ, ಗಂಡನ ಅಕ್ಕ ರಾಜಾಜಿನಗರದಲ್ಲಿ ಕೂತ್ಕೊಂಡು ಫ್ಯಾಮಿಲಿ ಗ್ರೂಪಲ್ಲಿ "ದುಡ್ಡಿಗೋಸ್ಕರ ಮಗೂನ ಅಲ್ಲಿಟ್ಕೊಂಡು ಒದ್ದಾಡಿಸ್ತಿದೀರ" ಅಂತ ವಾಯ್ಸ್ ಮೆಸೇಜ್ ಹಾಕಿದಾರೆ. ಕಳಿಸ್ಲಾ ಬೇಡ್ವಾ ಅಂತ ಪ್ರಶ್ನೆ.

ಬೇಡ. ಗುಳ್ಳೆ ಇರೋ ಮಗೂನ ನಾಲ್ಕೂವರೆ ಗಂಟೆ ವಿಮಾನದಲ್ಲಿ ಕೂರಿಸಿ ಅಕ್ಕಪಕ್ಕದ ಮಕ್ಕಳಿಗೂ ಹಂಚೋದ್ಯಾಕೆ? ಬೆಂಗಳೂರಲ್ಲಿ ಇದು ಇಲ್ವಾ, ಇಲ್ಲಿನ ಪ್ಲೇಸ್ಕೂಲ್‌ಗಳಲ್ಲೂ ಬರುತ್ತೆ. 2022ರಲ್ಲಿ ಕೊಲ್ಲಂ ಕಡೆ ಟೊಮ್ಯಾಟೊ ಜ್ವರ ಅಂತ ಗಲಾಟೆ ಆಯ್ತಲ್ಲ, ಅದೂ ಇದರದ್ದೇ ಒಂದು ರೂಪ ಅಂತ ಆಮೇಲೆ ಗೊತ್ತಾಯ್ತು. ಸಿಂಗಪುರದವರು 2000ದಲ್ಲಿ ಮಕ್ಕಳ ಸಾವು ನೋಡಿ ಇಡೀ ದೇಶದ ಪ್ರೀಸ್ಕೂಲ್ ಮುಚ್ಚಿದವರು, ಅದಕ್ಕೇ ಅಷ್ಟು ಕಟ್ಟುನಿಟ್ಟು. ಸಾಮಾನ್ಯವಾಗಿ ಏಳೆಂಟು, ಹತ್ತು ದಿನದಲ್ಲಿ ವಾಸಿಯಾಗುತ್ತೆ. ಜ್ವರ ಇಳೀದೇ ಇದ್ರೆ, ನೀರು ಕುಡೀದೇ ಉಚ್ಚೆ ಕಮ್ಮಿಯಾದ್ರೆ, ಮಂಕಾಗಿ ಬಿದ್ಕೊಂಡ್ರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ರ ಓಡಿ. ಕೈಗೆ ಸ್ಯಾನಿಟೈಸರ್ ನಂಬ್ಕೋಬೇಡಿ, ಸೋಪು ನೀರು ಹಾಕಿ ತೊಳೀರಿ, ಗುಳ್ಳೆ ಒಣಗಿದ್ಮೇಲೂ ವಾರಗಟ್ಟಲೆ ಮಲದಲ್ಲಿ ವೈರಸ್ ಇರುತ್ತೆ.

ಆದ್ರೆ ನನಗೆ ಉರಿದಿದ್ದು ರೋಗಕ್ಕಲ್ಲ. ಪತ್ರದ ಕೊನೇಲಿ, ನಮಸ್ಕಾರಕ್ಕೂ ಮುಂಚೆ, ಹೀಗೆ ಬರೆದಿದೀರ: "ನನ್ನ ರಜೆ ಎಲ್ಲಾ ಮುಗೀತು, ಇವ್ರದ್ದು ಒಂದೂ ಹೋಗಿಲ್ಲ, ಮ್ಯಾನೇಜರ್ ಹತ್ರ ಕೇಳೋಕೆ ಇವ್ರಿಗೆ ಸಂಕೋಚ."

ಸಂಕೋಚ ಅಂತೆ! ಏಳು ವರ್ಷದೊಳಗಿನ ಮಗು ಇದ್ರೆ ಅಲ್ಲಿ ಅಪ್ಪಂಗೂ ಅಮ್ಮಂಗೂ ಬೇರೆ ಬೇರೆ ಚೈಲ್ಡ್‌ಕೇರ್ ಲೀವ್ ಇದೆ ಕಣ್ರೀ, ಮಗು ಆ ದೇಶದ ಸಿಟಿಜನ್ ಆದ್ರೆ ವರ್ಷಕ್ಕೆ 6 ದಿನ, ಅಲ್ಲದಿದ್ರೆ 2 ದಿನ. ನಿಮ್ಮ ಮಗಂದು ಇಂಡಿಯನ್ ಪಾಸ್‌ಪೋರ್ಟು ಅಂದಿದೀರ, ಆ ಎರಡು ದಿನ ಹಾಕ್ಲಿ, ಮಿಕ್ಕಿದ್ದಕ್ಕೆ ಆನ್ಯುಯಲ್ ಲೀವ್ ಹಾಕ್ಲಿ. ಮಗು ಹುಷಾರು ತಪ್ಪಿದ್ದು ಅಪ್ಪನ ಆಫೀಸಿಗೂ ಗೊತ್ತಾಗ್ಬೇಕು, ಇದನ್ನ ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ.

ಅತ್ತೆ ಮೇಲೆ ಬೇಜಾರಾಗ್ಬೇಡಿ. ಗುಳ್ಳೆ ನೋಡಿ ಅಮ್ಮ ಬಂದಿದೆ ಅಂತ ಹರಕೆ ಹೊತ್ತಿದಾರಂತೆ, ಹೊರಲಿ ಬಿಡಿ, ಮೊಮ್ಮಗನ್ನ ಫೋನಲ್ಲೇ ನೋಡ್ಬೇಕಾದ ಜೀವ ಅದು. ಆ ಅತ್ತಿಗೆಯಮ್ಮ ಇದಾರಲ್ಲ, ಅವರಿಗೆ ಮಾತ್ರ ಉತ್ತರ ಕೊಡೋಕೇ ಹೋಗ್ಬೇಡಿ. ತಮ್ಮಂಗೆ "ನೀನೊಂದಿನ ರಜೆ ಹಾಕೋ" ಅಂತ ಒಂದು ಮಾತು ಹೇಳೋಕಾಗ್ಲಿಲ್ಲ, ನಿಮಗೆ ಬುದ್ಧಿ ಹೇಳೋಕೆ ಬಂದ್ರು.

ಮಾಡ್ಬೇಕಾದ್ದು ಒಂದೇ. ಸೋಮವಾರ ನೀವು ಆಫೀಸಿಗೆ ಹೋಗಿ, ಅವರು ಮನೇಲಿರ್ಲಿ. ಬಾಯಿ ಹುಣ್ಣಿಗೆ ಸಾರನ್ನ ಉರಿಯುತ್ತೆ, ತಣ್ಣಗಿರೋ ಮೊಸರನ್ನ ಕಲಸಿ ತಿನ್ನಿಸ್ಲಿ, ಅವರಮ್ಮಂಗೆ ವಿಡಿಯೋ ಕಾಲೂ ಅವರೇ ಮಾಡ್ಲಿ.