‘ಹುಷಾರು’ ಅಂದಾಗಲೆಲ್ಲ ನಿಂತುಹೋಗುತ್ತಿದ್ದ ಉಸಿರು

ಆಪ್ತಸಲಹೆಗೆಂದು ನನ್ನ ಬಳಿ ಬರುವ ಮಹಿಳೆಯೊಬ್ಬರ ಪ್ರಕರಣ ಇದು. ಬರೆಯಲು ಅವರು ಒಪ್ಪಿದ್ದಾರೆ. ಹೆಸರು, ಉದ್ಯೋಗ, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುಮತಿ ಎನ್ನುತ್ತೇನೆ. ವಯಸ್ಸು ಐವತ್ತರ ಆಸುಪಾಸು.

ಅವರು ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ, ವಿನಾಕಾರಣ ಸಿಟ್ಟು ಬರುತ್ತದೆ ಎಂದು. “ಮಗಳ ಮೇಲೆ ಸುಮ್ಮಸುಮ್ಮನೆ ರೇಗ್ತೀನಿ ಮೇಡಂ. ಪಾಪ, ಅವಳು ನನ್ನ ಒಳ್ಳೇದಕ್ಕೇ ಹೇಳ್ತಾಳೆ. ಆದ್ರೂ ಅವಳು ಬಾಯಿ ತೆಗೆದ್ರೆ ಸಾಕು, ನಂಗೆ ಮೈಯೆಲ್ಲ ಬಿಗಿಯುತ್ತೆ.” ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಕಾಲು ಜಾರಿ ಬಲಪಾದದ ಕೀಲಿನ ಹತ್ತಿರ ಮೂಳೆ ಮುರಿದಿತ್ತು ಎಂಬುದನ್ನು ಹೇಳಿದ್ದು ಮುಕ್ಕಾಲು ಗಂಟೆ ಕಳೆದ ಮೇಲೆ, ಅದೂ ಮಾತಿನ ನಡುವೆ ಹಾಗೇ ಬಂದುಹೋದಂತೆ. ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ಫಿಸಿಯೋಥೆರಪಿಯನ್ನೂ ಪೂರ್ತಿ ಮಾಡಿಸಿಕೊಂಡಿದ್ದಾರೆ. ವೈದ್ಯರು ಎಕ್ಸ್‌ರೇ ನೋಡಿ “ಎಲ್ಲ ಸರಿಯಾಗಿದೆ” ಅಂದಿದ್ದರು. ಆ ಮಾತೇ ಅವರನ್ನು ಕೊರೆಯುತ್ತಿತ್ತು. ಎಲ್ಲ ಸರಿಯಿದ್ದ ಮೇಲೆ ಒಣನೆಲದ ಮೇಲೂ ಒದ್ದೆ ನೆಲದಲ್ಲಿ ನಡೆದಂತೆ ಯಾಕೆ ನಡೆಯುತ್ತೇನೆ? ತಪ್ಪು ನನ್ನ ತಲೆಯಲ್ಲೇ ಇರಬೇಕು. ಇದು ಅವರ ತೀರ್ಮಾನವಾಗಿತ್ತು.

ಹೊರಡಲು ಎದ್ದಾಗ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲು ದವಡೆ ಕಚ್ಚಿಕೊಂಡರು. ಎರಡೂ ಅಂಗೈಗಳು ಕುರ್ಚಿಯ ಕೈಗಳನ್ನು ಒತ್ತಿದವು. ಎದೆ ಉಬ್ಬಿತು, ಉಸಿರು ಅಲ್ಲೇ ನಿಂತಿತು. ಬೆನ್ನನ್ನು ಕೋಲಿನ ಹಾಗೆ ನೆಟ್ಟಗೆ ಮಾಡಿಕೊಂಡು, ಗಲ್ಲ ಮೇಲೆತ್ತಿ, ಒಂದೇ ಎಳೆತಕ್ಕೆ ಮೇಲೆದ್ದರು. ಪಾದಗಳು ಮೊಣಕಾಲಿಗಿಂತ ಒಂದು ಗೇಣು ಮುಂದೆ ಇದ್ದವು. ಹಾಗೆ ಏಳುವುದು ಯಾರಿಗಾದರೂ ಕಷ್ಟವೇ. ಕೂತವರು ಏಳಬೇಕಾದರೆ ಮೈಭಾರ ಮೊದಲು ಪಾದಗಳ ಮೇಲೆ ಬರಬೇಕು. ಅದಕ್ಕೆ ತಲೆ, ಎದೆ ತೊಡೆಸಂದಿನಿಂದ ಮುಂದಕ್ಕೆ ಬಾಗಬೇಕು. ಸುಮತಿ ಇದಕ್ಕೆ ತದ್ವಿರುದ್ಧವಾಗಿ ತಮ್ಮ ಭಾರವನ್ನೆಲ್ಲ ಹಿಂದೆ ಇಟ್ಟುಕೊಂಡೇ ಮೇಲಕ್ಕೆ ಎತ್ತುತ್ತಿದ್ದರು. ‘ಬೆನ್ನು ನೆಟ್ಟಗಿರಲಿ’ ಎಂದು ಯಾರೋ ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದರಂತೆ.

“ಏಳೋಕೆ ಮುಂಚೆ ಏನಾಗುತ್ತೆ?” ಎಂದು ಕೇಳಿದೆ.

“ಏನೂ ಆಗಲ್ಲ ಮೇಡಂ. ಎದ್ದೇಳ್ತೀನಿ, ಅಷ್ಟೆ.”

ಉಸಿರು ಹಿಡಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. “ಭುಜ ಸಡಿಲ ಬಿಡಿ” ಎಂದೆ. ಅವರು ಭುಜಗಳನ್ನು ಬಲವಾಗಿ ಕೆಳಕ್ಕೆ ತಳ್ಳಿದರು, ಕುತ್ತಿಗೆಯ ನರಗಳು ಎದ್ದು ಕಂಡವು. ಆಮೇಲೆ ಬಹಳ ಪ್ರಾಮಾಣಿಕವಾಗಿ ಕೇಳಿದರು: “ಸಡಿಲ ಬಿಡಿ ಅಂತಾರೆ ಎಲ್ರೂ. ಹೇಗೆ ಬಿಡೋದು ಅಂತ ಯಾರೂ ಹೇಳಲ್ವಲ್ಲ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬಿಗಿ ಇದೆ ಎಂದೇ ತಿಳಿಯದವರು ಅದನ್ನು ಬಿಡುವುದು ಹೇಗೆ? ಮಾತಿನ ಚಿಕಿತ್ಸೆ ಒಂದರಿಂದಲೇ ಇದು ಆಗುವ ಕೆಲಸವಲ್ಲ ಎನಿಸಿ, ಸೊಮ್ಯಾಟಿಕ್ ಶಿಕ್ಷಣದ ಬಗ್ಗೆ, ಅಂದರೆ ಮೈಯನ್ನು ಒಳಗಿನಿಂದ ಗಮನಿಸುತ್ತ ಚಲನೆಯನ್ನು ಹೊಸದಾಗಿ ಕಲಿಯುವುದರ ಬಗ್ಗೆ, ಅವರಿಗೆ ಹೇಳಿದೆ.

ಅದಕ್ಕೂ ಮೊದಲು ವೈದ್ಯರ ಬಳಿ ಇನ್ನೊಮ್ಮೆ ಕಳಿಸಿದೆ. ಬಿದ್ದವರಲ್ಲಿ ಭಯ ಉಳಿದಿದೆ ಎಂದ ಮಾತ್ರಕ್ಕೆ ಎಲ್ಲವೂ ಭಯದಿಂದಲೇ ಎಂದು ಊಹಿಸಬಾರದು. ತಲೆಸುತ್ತು, ಕಣ್ಣಿನ ದೋಷ, ರಕ್ತದೊತ್ತಡದ ಅಥವಾ ನಿದ್ದೆಯ ಮಾತ್ರೆಗಳು, ಪಾದ ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುವುದು ಇವೆಲ್ಲ ನಡಿಗೆಯನ್ನು ಕೆಡಿಸುತ್ತವೆ. ತೊಡೆಸಂದಿನ ಸುತ್ತ ಮರಗಟ್ಟಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸುಮತಿಯವರಲ್ಲಿ ಇಂಥದ್ದೇನೂ ಇರಲಿಲ್ಲ.

ಸೊಮ್ಯಾಟಿಕ್ ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಅಮೆರಿಕದ ಥಾಮಸ್ ಹ್ಯಾನಾ, 1970ರ ದಶಕದಲ್ಲಿ. ಸೋಮ ಎಂದರೆ ಗ್ರೀಕ್ ಭಾಷೆಯಲ್ಲಿ ದೇಹ. ಕನ್ನಡಿಯಲ್ಲೋ ಎಕ್ಸ್‌ರೇಯಲ್ಲೋ ಹೊರಗಿನಿಂದ ಕಾಣುವ ದೇಹ ಅವರ ಮನಸ್ಸಿನಲ್ಲಿರಲಿಲ್ಲ. ನಾವು ಒಳಗಿನಿಂದ ಅನುಭವಿಸುವ ದೇಹವನ್ನು ಅವರು ಹಾಗೆ ಕರೆದರು. ಸುಮತಿಯವರ ತೊಡಕಿಗೆ ಈ ವ್ಯತ್ಯಾಸವೇ ಬಾಗಿಲು ತೆರೆಯಿತು. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಒಳಗಿನಿಂದ ಸರಿಯಿಲ್ಲ. ಎರಡೂ ನಿಜವಾಗಿರಬಹುದು. ಪೆಟ್ಟು ಬಿದ್ದಾಗ ಸುತ್ತಲಿನ ಸ್ನಾಯುಗಳು ಕಾವಲಿಗೆ ನಿಲ್ಲುತ್ತವೆ. ಗಾಯ ಮಾಗಿದ ಮೇಲೂ ಕೆಲವೊಮ್ಮೆ ಕಾವಲು ಮುಗಿಯುವುದಿಲ್ಲ. ಅಭ್ಯಾಸವಾಗಿ ಅರಿವಿನಿಂದ ಮರೆಯಾಗುತ್ತದೆ. ಹ್ಯಾನಾ ಇದನ್ನು ಸಂವೇದನೆ ಮತ್ತು ಚಲನೆಯ ಮರೆವು ಎಂದರು. ಅದನ್ನು ಬಿಡಿಸಲು ಅವರು ಆಧಾರವಾಗಿ ತೆಗೆದುಕೊಂಡದ್ದು ಮಲಗಿದ ಬೆಕ್ಕು ಎದ್ದಾಗ ಮಾಡುವ ಕೆಲಸವನ್ನು: ಮೈಮುರಿಯುವುದು. ಬಿಗಿಯಾದ ಸ್ನಾಯುವನ್ನು ಎಳೆದು ಉದ್ದ ಮಾಡಲು ಹೋಗದೆ, ಬೇಕೆಂದೇ ಇನ್ನೂ ಸ್ವಲ್ಪ ಬಿಗಿಮಾಡಿ, ನಿಧಾನವಾಗಿ, ಗಮನವಿಟ್ಟು ಬಿಡುತ್ತ ಬರುವುದು. “ಹೇಗೆ ಬಿಡೋದು?” ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಇದೇ.

ಹ್ಯಾನಾ ಕಲಿತದ್ದು ಮೋಶೆ ಫೆಲ್ಡೆನ್‌ಕ್ರೈಸ್ ಅವರಿಂದ (1904–1984). ಅವರು ಭೌತವಿಜ್ಞಾನ, ಎಂಜಿನಿಯರಿಂಗ್ ಓದಿದವರು, ಜೂಡೋ ಪಟು. ಮೊಣಕಾಲಿಗೆ ಪೆಟ್ಟಾಗಿ ನಡೆಯುವುದೇ ಕಷ್ಟವಾದಾಗ ತಮ್ಮ ಚಲನೆಯನ್ನೇ ಅಭ್ಯಾಸದ ವಸ್ತು ಮಾಡಿಕೊಂಡು ಒಂದು ವಿಧಾನ ರೂಪಿಸಿದರು. ಅವರಿಗಿಂತ ಒಂದು ತಲೆಮಾರು ಹಿಂದೆ, 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ನಟ ಎಫ್. ಎಂ. ಅಲೆಕ್ಸಾಂಡರ್, ವೇದಿಕೆಯ ಮೇಲೆ ಧ್ವನಿ ಕಟ್ಟುತ್ತದೆಂದು ಕನ್ನಡಿಗಳ ಮುಂದೆ ನಿಂತು ತಮ್ಮನ್ನು ತಾವೇ ಗಮನಿಸಿದ್ದರು. ಮಾತು ಶುರುಮಾಡುವ ಮುನ್ನ ತಲೆಯನ್ನು ಹಿಂದಕ್ಕೆಳೆದು, ಬಾಯಿಯಿಂದ ಉಸಿರು ಸೆಳೆದುಕೊಳ್ಳುತ್ತಿದ್ದುದು ಅವರಿಗೆ ಕಂಡಿತು. ಇದನ್ನು ಕೇಳಿದಾಗ ಸುಮತಿ ಒಂದು ಕ್ಷಣ ಸುಮ್ಮನಿದ್ದು, “ನಾನೂ ಹಂಗೇ ಮಾಡ್ತೀನಾ?” ಎಂದರು. ಹೌದು ಎಂದೆ.

ಇದು ಸರ್ವರೋಗಕ್ಕೂ ಮದ್ದಲ್ಲ ಎಂದೂ ಹೇಳಿದೆ. ಬೆನ್ನುನೋವಿನ ಮಟ್ಟಿಗೆ ಒಳ್ಳೆಯ ಅಧ್ಯಯನವೊಂದಿದೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು, 579 ಮಂದಿಯ ಮೇಲೆ ನಡೆದದ್ದು. ಆ ನಟ ತಮ್ಮನ್ನು ಗಮನಿಸಿಕೊಂಡು ರೂಪಿಸಿದ ‘ಅಲೆಕ್ಸಾಂಡರ್ ತಂತ್ರ’ದ 24 ಪಾಠ ಪಡೆದವರಿಗೆ ಒಂದು ವರ್ಷದ ನಂತರ ನಾಲ್ಕು ವಾರಗಳಲ್ಲಿ ಸುಮಾರು 3 ದಿನ ನೋವಿದ್ದರೆ, ಎಂದಿನ ಚಿಕಿತ್ಸೆಯವರಿಗೆ 21 ದಿನ ಇತ್ತು. ಅದು ಬೆನ್ನಿನ ಮಾತು. ಬೀಳುವ ಭಯದ ಮಾತಲ್ಲ. ಸುಮತಿಯವರು ಒಪ್ಪಿದ್ದು ಆ ಅಂಕಿಗಳಿಂದಲೂ ಅಲ್ಲ. “ವ್ಯಾಯಾಮ ಅಂದ್ರೆ ಬೇಡ. ಪಾಠ ಅಂದ್ರೆ ಕಲೀತೀನಿ” ಎಂದರು.

ಅವರು ಫೆಲ್ಡೆನ್‌ಕ್ರೈಸ್ ಶಿಕ್ಷಕಿಯೊಬ್ಬರ ಬಳಿ ವಾರಕ್ಕೊಮ್ಮೆ ಹೋದರು, ನನ್ನ ಬಳಿ ಎರಡು ವಾರಕ್ಕೊಮ್ಮೆ ಬಂದರು. ಅಲ್ಲಿ ನೆಲದ ಮೇಲೆ ಮಲಗಿ ಮಾಡುವ ಪಾಠಗಳೇ ಹೆಚ್ಚು, ಯಾಕೆಂದರೆ ಮಲಗಿದವರು ಬೀಳುವುದಿಲ್ಲ, ಕಾವಲಿಗೆ ಕೆಲಸವಿಲ್ಲ. ಒಂದು ಪಾಠ ಅವರಿಗೆ ಬಹಳ ಹಿಡಿಸಿತು. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟದ ಕೆಳಗೆ ಒಂದು ಗಡಿಯಾರದ ಮುಖ ಇದೆ ಎಂದುಕೊಳ್ಳಬೇಕು. ಬೆನ್ನಿನ ಕಡೆಗೆ 12, ಬಾಲದ ಮೂಳೆಯ ಕಡೆಗೆ 6. ಮೈಭಾರವನ್ನು ಮೆಲ್ಲಗೆ ಒಂದೊಂದೇ ಅಂಕಿಯ ಮೇಲೆ ಉರುಳಿಸುತ್ತ ಹೋಗಬೇಕು. “ಮೇಡಂ, ನನ್ನ ಗಡಿಯಾರದಲ್ಲಿ ನಾಲ್ಕು, ಐದು ಇಲ್ಲವೇ ಇಲ್ಲ! ಮೂರರಿಂದ ಸೀದಾ ಆರಕ್ಕೆ ಹಾರ್ತೀನಿ.” ಮುರಿದದ್ದು ಪಾದ. ಕಾಣೆಯಾದದ್ದು ಸೊಂಟದ ಒಂದು ಮೂಲೆ. ಎರಡು ವರ್ಷ ಬಲಗಾಲನ್ನು ಕಾಯುತ್ತ ಕಾಯುತ್ತ ಸೊಂಟ ಆ ದಿಕ್ಕಿಗೆ ಹೋಗುವುದನ್ನೇ ಬಿಟ್ಟಿತ್ತು.

ಚಿಕ್ಕದಾಗಿ ಮಾಡಿ, ಇನ್ನೂ ಚಿಕ್ಕದಾಗಿ ಎಂದು ಶಿಕ್ಷಕಿ ಹೇಳುತ್ತಲೇ ಇರುತ್ತಿದ್ದರಂತೆ. ಇದಕ್ಕೆ ಗಟ್ಟಿ ಕಾರಣವಿದೆ. ಕೈಯಲ್ಲಿ ಹತ್ತು ಪುಸ್ತಕ ಹೊತ್ತವರ ಮೇಲೆ ಒಂದು ಹಾಳೆ ಇಟ್ಟರೆ ತಿಳಿಯದು; ಬರಿಯ ಅಂಗೈ ಮೇಲೆ ಹಕ್ಕಿಗರಿ ಬಿದ್ದರೂ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ಶರೀರವಿಜ್ಞಾನಿ ಎರ್ನ್ಸ್ಟ್ ವೆಬರ್ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು: ಭಾರ ಹೆಚ್ಚಿದ್ದಷ್ಟೂ, ವ್ಯತ್ಯಾಸ ತಿಳಿಯಲು ಬದಲಾವಣೆಯೂ ದೊಡ್ಡದಿರಬೇಕು. ಪೂರ್ತಿ ಬಲ ಹಾಕಿ ಮಾಡಿದ ಚಲನೆಯಲ್ಲಿ ಬೇಡದ ಬಿಗಿ ಎಲ್ಲಿದೆ ಎಂದು ಗೊತ್ತಾಗದಿರುವುದು ಅದಕ್ಕೇ. ಸುಮತಿ ಎರಡು ವರ್ಷ ಪಟ್ಟ ಶ್ರಮವೇ ಅವರ ದಾರಿಗೆ ಅಡ್ಡ ಕೂತಿತ್ತು. ಇದನ್ನು ಒಪ್ಪಿಕೊಳ್ಳುವುದು ಅವರಿಗೆ ಸುಲಭವಾಗಲಿಲ್ಲ. “ಹಾಗಾದ್ರೆ ಅಷ್ಟು ಕಷ್ಟಪಟ್ಟಿದ್ದು ದಂಡವಾ?” ಎಂದು ಅತ್ತರು. ಆ ಇಡೀ ಭೇಟಿ ಅದಕ್ಕೇ ಹೋಯಿತು, ಹೋಗಬೇಕಾದದ್ದೇ.

ಇನ್ನು ಮಗಳ ವಿಷಯ. ಒಮ್ಮೆ ಇಬ್ಬರನ್ನೂ ಬರಹೇಳಿದೆ. ಬಾಗಿಲಲ್ಲಿ ಒಂದು ಸಣ್ಣ ಹೊಸ್ತಿಲು. ಮಗಳು ಹಿಂದಿನಿಂದ “ಅಮ್ಮಾ, ಹುಷಾರು” ಎಂದಳು. ಸುಮತಿಯವರ ಎದೆ ಉಬ್ಬಿ ನಿಂತಿತು, ಬಲಗಾಲಿನ ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು, ಕಾಲು ಎತ್ತಿದ್ದು ಗಟ್ಟಿಯಾದ ಕಂಬ ಎತ್ತಿದ ಹಾಗೆ. ಕುರ್ಚಿಯಿಂದ ಏಳುವಾಗ ಕಂಡಿದ್ದೂ ಇದನ್ನೇ. ಆ ಪದ ಅವರೊಳಗೆ ಹೊಕ್ಕುಬಿಟ್ಟಿತ್ತು. ಯಾರೂ ಹೇಳದಿದ್ದಾಗ ತಾವೇ ಹೇಳಿಕೊಳ್ಳುತ್ತಿದ್ದರು. ನಮ್ಮ ಭಾಷೆಯಲ್ಲಿ ಆರೋಗ್ಯಕ್ಕೂ ಎಚ್ಚರಿಕೆಗೂ ಒಂದೇ ಮಾತು ಇದೆಯಲ್ಲ, ಆಗ ನನಗೆ ಅದು ಹೊಳೆಯಿತು. ‘ಹುಷಾರಾಗಿದ್ದೀರಾ?’ ಅಂದರೆ ಮೈ ಅರಳುತ್ತದೆ. ‘ಹುಷಾರು!’ ಅಂದರೆ ಮುದುಡುತ್ತದೆ.

ಮಗಳಿಗೆ ನಾನು ಹೇಳಿದ್ದು ಇಷ್ಟು. ಎಚ್ಚರಿಸಬೇಡ, ಮಾಹಿತಿ ಕೊಡು. ‘ಮುಂದೆ ಒಂದು ಮೆಟ್ಟಿಲಿದೆ’ ಅಂದರೆ ಅಮ್ಮನ ಗಮನ ಮೆಟ್ಟಿಲಿನ ಮೇಲೆ ಹೋಗುತ್ತದೆ. ‘ಹುಷಾರು’ ಅಂದರೆ ಬೀಳುವುದರ ಮೇಲೆ ಹೋಗುತ್ತದೆ. ಹಿಂದಿನಿಂದ ಮಾತಾಡಬೇಡ, ಪಕ್ಕದಲ್ಲಿ ನಡೆ. ತೋಳು ಹಿಡಿಯಬೇಡ, ನಿನ್ನ ಮೊಣಕೈ ಚಾಚು, ಬೇಕೆನಿಸಿದರೆ ಅವರೇ ಹಿಡಿಯಲಿ. ಆ ಹುಡುಗಿ ಅಳುತ್ತ, ಅಮ್ಮ ಬಿದ್ದ ಶಬ್ದ ತನಗೆ ಇನ್ನೂ ಕೇಳಿಸುತ್ತದೆ ಎಂದಳು. ಅದುವರೆಗೆ ಯಾರೂ ಅವಳನ್ನು ಆ ಬಗ್ಗೆ ಕೇಳಿಯೇ ಇರಲಿಲ್ಲ. ಸುಮತಿ ಮಗಳ ಕೈ ಹಿಡಿದುಕೊಂಡರು. ಮಗಳಿಗೂ ಬೇರೆ ಸಲಹೆಗಾರರನ್ನು ಸೂಚಿಸಿದೆ.

ಸುಮತಿಯವರಿಗೆ ಕೊಟ್ಟ ಸಲಹೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಫೆಲ್ಡೆನ್‌ಕ್ರೈಸ್ ಅವರ ಒಂದು ವಿಚಾರ. ಒಳ್ಳೆಯ ಚಲನೆಯನ್ನು ಯಾವ ಹಂತದಲ್ಲಾದರೂ ನಿಲ್ಲಿಸಿ ಹಿಂದಿರುಗಿಸಬಹುದು. ಬೀಳುವುದು ಹಿಂದಿರುಗಲಾಗದ ಚಲನೆ. ಸುಮತಿ ಭಯಪಡುತ್ತಿದ್ದುದು ಅದಕ್ಕೇ. ಆದರೆ ಒಂದೇ ಎಳೆತಕ್ಕೆ ಏಳುವುದರಲ್ಲೂ ನಡುವೆ ನಿಲ್ಲಲು ಜಾಗವಿಲ್ಲ. ಅಂದರೆ ಭಯದಿಂದ ಪಾರಾಗಲು ಅವರು ಆರಿಸಿಕೊಂಡ ದಾರಿಯೂ ಅದೇ ಜಾತಿಯದು. ಹಾಗಾಗಿ ‘ಅರ್ಧ ಏಳುವುದನ್ನು’ ಅಭ್ಯಾಸ ಮಾಡಿಸಿದೆವು. ಗಟ್ಟಿಯಾದ, ಜಾರದ ಕುರ್ಚಿ. ಪಾದಗಳು ಮೊಣಕಾಲಿಗಿಂತ ತುಸು ಹಿಂದೆ, ಹಿಮ್ಮಡಿ ನೆಲಕ್ಕೆ ತಾಗಿರಲಿ. ಉಸಿರು ಬಿಡುತ್ತ ಮೂಗನ್ನು ಕಾಲ್ಬೆರಳುಗಳ ಕಡೆಗೆ ಕಳಿಸುವುದು. ಅಂಗಾಲಿಗೆ ಭಾರ ಬಂದದ್ದು ತಿಳಿದ ಕೂಡಲೇ ವಾಪಸ್. ಏಳುವ ಹಾಗಿಲ್ಲ. ಮುಂದಿನ ವಾರ, ಆಸನದಿಂದ ಒಂದು ಬೆರಳಿನಷ್ಟು ಮೇಲೆದ್ದು ವಾಪಸ್. ಉಸಿರು ನಿಂತರೆ ಅಷ್ಟಕ್ಕೇ ಸಾಕು. ನೋವಾದರೆ ಚಲನೆಯನ್ನು ಇನ್ನೂ ಚಿಕ್ಕದು ಮಾಡುವುದು. ಅದೂ ಆಗದ ದಿನ ಕಣ್ಮುಚ್ಚಿ ಕಲ್ಪಿಸಿಕೊಂಡರೂ ಸರಿ. ಚಲನೆಯನ್ನು ಕಲ್ಪಿಸಿಕೊಂಡಾಗ, ಅದನ್ನು ಮಾಡುವಾಗ ದುಡಿಯುವ ಮಿದುಳಿನ ಭಾಗಗಳಲ್ಲಿ ಹಲವು ದುಡಿಯುತ್ತವೆ. ದಿನಕ್ಕೆ ಹತ್ತು ಹದಿನೈದು ನಿಮಿಷ, ನಡುನಡುವೆ ವಿಶ್ರಾಂತಿ. ಬೇಸರ ಬರುವ ಮುನ್ನವೇ ನಿಲ್ಲಿಸಬೇಕು.

ಶಿಕ್ಷಕರನ್ನು ಹುಡುಕುವವರಿಗೂ ಒಂದು ಮಾತು. ತರಬೇತಿ ಎಲ್ಲಿ, ಎಷ್ಟು ಕಾಲ ಪಡೆದಿರಿ ಎಂದು ಕೇಳಲು ಸಂಕೋಚ ಬೇಡ. ಫೆಲ್ಡೆನ್‌ಕ್ರೈಸ್ ಶಿಕ್ಷಕರ ತರಬೇತಿ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳದ್ದು. ಮುಟ್ಟಿ ಕಲಿಸುವವರು ಪ್ರತಿ ಸಲ ಒಪ್ಪಿಗೆ ಕೇಳಬೇಕು. ಔಷಧ ನಿಲ್ಲಿಸಿ ಎನ್ನುವವರ ಬಳಿ ಹೋಗಲೇಬೇಡಿ.

ಐದು ತಿಂಗಳು ಕಳೆದಿವೆ. ನಡುವೆ ಒಂದು ದಿನ ಮಳೆಯಲ್ಲಿ ಕಾಲು ಸ್ವಲ್ಪ ಜಾರಿ, ಮೂರು ವಾರದ ಪ್ರಗತಿ ಅಳಿಸಿಹೋಯಿತೆಂದು ಅವರಿಗೆ ಅನಿಸಿತ್ತು. ವಿಚಾರಿಸಿದರೆ, ಅವರು ಬಿದ್ದಿರಲಿಲ್ಲ. ಜಾರಿದಾಗ ಮೊಣಕಾಲು ತಾನೇ ಮಡಚಿ, ಸೊಂಟ ಪಕ್ಕಕ್ಕೆ ಸರಿದು, ಮತ್ತೆ ನಿಂತಿದ್ದರು. “ಯಾವ ಕಡೆ ಸರಿಯಿತು?” ಎಂದು ಕೇಳಿದೆ. ಯೋಚಿಸಿದರು. ಎದ್ದು ನಿಂತು ಮಾಡಿ ನೋಡಿದರು. “ನಾಲ್ಕು, ಐದರ ಕಡೆ” ಎಂದರು.

ನಿದ್ದೆ ಈಗ ಬರುತ್ತಿದೆ, ಎಲ್ಲ ರಾತ್ರಿಯೂ ಅಲ್ಲ. ಮಗಳ ಜೊತೆ ಜಗಳ ಇನ್ನೂ ಆಗುತ್ತದೆ, ಬೇರೆ ಕಾರಣಗಳಿಗೆ. ಕಳೆದ ಭೇಟಿಯಲ್ಲಿ ಗಾಳಿಗೆ ಕಿಟಕಿ ಬಡಿದಾಗ, ಹೇಳುತ್ತಿದ್ದ ಮಾತು ನಿಲ್ಲಿಸದೆ ಎದ್ದು ಹೋಗಿ ಮುಚ್ಚಿ ಬಂದರು. ನಾನು ಅದನ್ನು ಅವರ ಗಮನಕ್ಕೆ ತರಲಿಲ್ಲ. ಎಸ್ಕಲೇಟರ್ ಮಾತ್ರ ಇನ್ನೂ ಬಾಕಿ. ಮುಂದಿನ ಸಲ ಮಗಳ ಜೊತೆ ಹೋಗಿ ಅದರ ಪಕ್ಕ ಸ್ವಲ್ಪ ಹೊತ್ತು ನಿಂತು, ಉಸಿರಾಡಿ, ಹತ್ತದೆ ವಾಪಸ್ ಬರುವುದು ಎಂದು ಮಾತಾಗಿದೆ.